ಬಿಟ್ಟ ಬಾಣದ ಬೆನ್ನು ಹಿಡಿದು

ನನ್ನ ಅಕ್ಕನ ಮಗ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿದ್ದಾನೆ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತವನು ಭಾನುವಾರ ಬಿಲ್ಲುಗಾರಿಕೆ ಕಲಿಯಲು ಹೋಗುತ್ತಾನೆ. ಈ ಸಲ ಈದ್ ದಿನ ಅವರ ಮನೆಗೆ ಹೋದಾಗ ಶೀರ್‌ಖುರ್ಮಾದ ಬಟ್ಟಲನ್ನು ನನ್ನ ಕೈಗಿತ್ತವನೇ ಒಳಗಿನಿಂದ ತನ್ನ ಹೊಸ ಬಿಲ್ಲನ್ನು ತಂದ. ಎರಡೂ ತುದಿಗೆ ರಾಟೆಗಳು, ನಡುವೆ ಹಲವು ಎಳೆ ಹುರಿ. ಬಿಲ್ಲು ಅನ್ನುವುದಕ್ಕಿಂತ ಪೀಣ್ಯದ ಯಾವುದೋ ಕಾರ್ಖಾನೆಯಿಂದ ಹೊರಬಂದ ಬಿಡಿಭಾಗದಂತಿತ್ತು.

"ಮಾಮೂ, ಇದರ ಬಾಣ ಸೆಕೆಂಡಿಗೆ 300 ಅಡಿ ಹೋಗುತ್ತೆ. ಆ ಕಾಲದ ಬೇಟೆಗಾರರದ್ದು ಎಷ್ಟಿತ್ತು?"

ಕತೆ ಬರೆಯುವವನನ್ನು ಕೇಳುವ ಪ್ರಶ್ನೆ ಇದಲ್ಲ. ಗೊತ್ತಿಲ್ಲ ಎಂದೆ. ಆಮೇಲೆ ಅಲ್ಲಿ ಇಲ್ಲಿ ಓದಿ, ಕೇಳಿ ತಿಳಿದುಕೊಂಡೆ. ಸಾಂಪ್ರದಾಯಿಕ ಬೇಟೆಯ ಬಿಲ್ಲಿನಿಂದ ಭಾರದ ಬಾಣ ಬಿಟ್ಟರೆ ಅದು ಸೆಕೆಂಡಿಗೆ ಸುಮಾರು 150ರಿಂದ 180 ಅಡಿ ಹೋಗುತ್ತದೆ. ಅಂದರೆ ಇವನದರ ಅರ್ಧ. ಆದರೆ ಅವನು ಕೇಳಿದ ದನಿಯಲ್ಲಿ ಇನ್ನೊಂದು ಮಾತೂ ಇತ್ತು. ಅವರದು ಕಡಿಮೆ, ಆದ್ದರಿಂದ ಅವರೂ ಕಡಿಮೆ. ಆ 'ಆದ್ದರಿಂದ' ನನ್ನನ್ನು ಕೊರೆಯತೊಡಗಿತು.

ಪೀಣ್ಯದಲ್ಲಿ ಲಾರಿಗಳ ಕಮಾನು ಪಟ್ಟೆ ರಿಪೇರಿ ಮಾಡುವ ಹಿರಿಯ ಮಿಸ್ತ್ರಿಯೊಬ್ಬರು ನನಗೆ ಪರಿಚಯ. ಉರ್ದುವಿನಲ್ಲಿ ಕಮಾನ್ ಎಂದರೆ ಬಿಲ್ಲು. ಫಾರ್ಸಿಯ ಈ ಪದ ಕನ್ನಡಕ್ಕೆ ಬಂದು ಮಸೀದಿಯ ಬಾಗಿಲ ಕಮಾನಾಯಿತು, ಲಾರಿಯ ಗಾಲಿಯ ಮೇಲಿನ ಕಮಾನೂ ಆಯಿತು. ಬಿಲ್ಲಿನ ಬಗ್ಗೆ ಕೇಳಲು ಇವರಿಗಿಂತ ತಕ್ಕವರು ಯಾರು ಎಂದುಕೊಂಡು ಹೋದೆ. ಅವರು ಬಿಲ್ಲು ಹಿಡಿದವರಲ್ಲ. ಆದರೆ ಬಗ್ಗಿಸಿದ ಉಕ್ಕಿನ ಸ್ವಭಾವ ಬಲ್ಲವರು. "ಖಾಲಿ ಲಾರಿಯಲ್ಲಿ ಕೂತು ನೋಡಿ ಸಾಬ್, ಹಳ್ಳ ಬಿದ್ದ ರಸ್ತೆಯಲ್ಲಿ ಎತ್ತಿ ಎತ್ತಿ ಹಾಕುತ್ತೆ. ಲೋಡ್ ಇದ್ದರೆ ಮೆತ್ತಗೆ ಹೋಗುತ್ತೆ. ಕಮಾನಿಗೆ ಹೊರೆ ಬೇಕು" ಎಂದರು.

ಬಿಲ್ಲಿನ ಕತೆಯೂ ಹೆಚ್ಚುಕಡಿಮೆ ಇದೇ. ಹೆದೆ ಎಳೆದಾಗ ನಮ್ಮ ತೋಳಿನ ಶಕ್ತಿ ಬಿಲ್ಲಿನ ಕೈಗಳಲ್ಲಿ ಕೂಡುತ್ತದೆ. ಬಿಟ್ಟಾಗ ಅದೆಲ್ಲ ಬಾಣಕ್ಕೇ ಹೋಗುವುದಿಲ್ಲ. ಬಿಲ್ಲಿನ ಕೈಗಳೂ ಹೆದೆಯೂ ಮುಂದಕ್ಕೆ ಚಿಮ್ಮಬೇಕಲ್ಲ, ಅದಕ್ಕೂ ಒಂದು ಪಾಲು ಬೇಕು. ಹಗುರ ಬಾಣ ಬೇಗ ಹೊರಡುತ್ತದೆ, ಆದರೆ ತೆಗೆದುಕೊಳ್ಳುವ ಪಾಲು ಕಡಿಮೆ. ಉಳಿದದ್ದು ಬಿಲ್ಲಿನ ನಡುಕವಾಗಿ, ಹೆದೆಯ ಸದ್ದಾಗಿ ಹೋಗುತ್ತದೆ. ಬಾಣವನ್ನೇ ಹೂಡದೆ ಎಳೆದು ಬಿಟ್ಟರೆ ಬಿಲ್ಲೇ ಮುರಿಯಬಹುದು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ. ಒಂದೇ ಬಿಲ್ಲಿನಿಂದ 20 ಗ್ರಾಮಿನ ಬಾಣ ಸೆಕೆಂಡಿಗೆ 57 ಮೀಟರ್, 30 ಗ್ರಾಮಿನದು 50 ಮೀಟರ್ ಹೋಗುತ್ತದೆ. ಮೊದಲನೆಯದರ ಶಕ್ತಿ ಸುಮಾರು 32 ಜೂಲ್, ಎರಡನೆಯದರದು 37ಕ್ಕೂ ಹೆಚ್ಚು. ನಿಧಾನವಾದದ್ದೇ ಹೆಚ್ಚು ಹೊತ್ತುಕೊಂಡು ಹೋಗಿದೆ, ಆಳಕ್ಕೂ ಅದೇ ಇಳಿಯುತ್ತದೆ.

ಇಲ್ಲೊಂದು ಅಡ್ಡ ಮಾತು. ನಮ್ಮ ದೇಶದಲ್ಲಿ ಹಿಂದೆ ಉಕ್ಕಿನ ಬಿಲ್ಲುಗಳನ್ನೂ ಮಾಡುತ್ತಿದ್ದರು. ಮರ, ಕೊಂಬು, ಪ್ರಾಣಿಯ ನರಗಳನ್ನು ಅಂಟಿನಿಂದ ಕೂಡಿಸಿದ ಬಿಲ್ಲು ಒಣ ಸೀಮೆಯಲ್ಲಿ ಅದ್ಭುತ. ಮಳೆಗಾಲದ ಶೀತಕ್ಕೆ ಅದರ ಅಂಟು ಸಡಿಲವಾಗುತ್ತಿತ್ತು. ಉಕ್ಕಿಗೆ ಆ ಕಾಟವಿಲ್ಲ. ಆದರೆ ಉಕ್ಕಿನ ಕೈ ಭಾರ, ತನ್ನನ್ನೇ ತಾನು ಹೊತ್ತು ಓಡುವುದಕ್ಕೆ ಅರ್ಧ ಬಲ ಕಳೆದುಕೊಳ್ಳುವಂಥದು. ಇದನ್ನು ಹೇಳಿದಾಗ ಮಿಸ್ತ್ರಿ ನಕ್ಕು, ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು.

ಹಾಗೆಂದು ಹಳಬರಿಗೆ ವೇಗದ ಹುಚ್ಚು ಇರಲಿಲ್ಲ ಎನ್ನುವಂತಿಲ್ಲ. ಇಸ್ತಾಂಬುಲಿನ ಓಕ್‌ಮೈದಾನಿನಲ್ಲಿ ತುರ್ಕರು ಅತಿ ದೂರ ಬಾಣ ಬಿಡುವ ಪಂದ್ಯ ನಡೆಸುತ್ತಿದ್ದರು. ದಾಖಲೆಯ ಬಾಣ ಬಿದ್ದ ಜಾಗದಲ್ಲಿ ಕಲ್ಲು ನಿಲ್ಲಿಸುತ್ತಿದ್ದರು. ಅದಕ್ಕೆ ಅವರು ಕೊಟ್ಟ ಹೆಸರು ಮಂಜಿಲಿನ ಕಲ್ಲು. ಕೆಲವು ದಾಖಲೆಗಳು 800 ಮೀಟರನ್ನೂ ದಾಟಿವೆ. ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಬಳಿ ಬೇಗೂರಿನಂಥ ಊರುಗಳಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ವೀರಗಲ್ಲುಗಳು ಉಳಿದುಕೊಂಡಿರುವಂತೆ ಆ ಕಲ್ಲುಗಳೂ ನಗರದ ಮನೆಗಳ ಮಧ್ಯೆ ನಿಂತಿವೆ. ಆದರೆ ಆ ಪಂದ್ಯದ ಬಾಣ ಗರಿಯಷ್ಟು ಹಗುರ, ದೂರ ಹೋಗುವುದಷ್ಟೇ ಅದರ ಕೆಲಸ. ಬೇಟೆಗೋ ಯುದ್ಧಕ್ಕೋ ಹೊರಟವರು ಅದನ್ನು ಬತ್ತಳಿಕೆಗೆ ಹಾಕಿಕೊಳ್ಳುತ್ತಿರಲಿಲ್ಲ.

ನನ್ನ ಅಳಿಯ ಸೋಲುವವನಲ್ಲ. ವಿದೇಶಿ ಬೇಟೆಗಾರರ ವಿಡಿಯೋ ಒಂದನ್ನು ತೋರಿಸಿದ. ಅದು ಅವನ ವಾದಕ್ಕೆ ವಿರುದ್ಧವಾಗಿತ್ತು ಎಂಬುದು ಅವನಿಗೆ ಹೊಳೆದಿರಲಿಲ್ಲ. ಬಾಣ ಹೊರಡುತ್ತದೆ, ಜಿಂಕೆ ಸಟಕ್ಕನೆ ಕುಸಿದು ಓಡುತ್ತದೆ, ಬಾಣ ಅದರ ಬೆನ್ನ ಮೇಲಿಂದ ಹಾದುಹೋಗುತ್ತದೆ. ಜಿಂಕೆ ಬಾಣವನ್ನು ನೋಡಲಿಲ್ಲ, ಹೆದೆಯ ಸದ್ದನ್ನು ಕೇಳಿತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 20 ಮೀಟರ್ ದೂರದ ಜಿಂಕೆಯನ್ನು ಅದು 0.06 ಸೆಕೆಂಡಿನಲ್ಲಿ ಮುಟ್ಟುತ್ತದೆ. ಹಳೆಯ ಬಿಲ್ಲಿನ ಬಾಣಕ್ಕೆ 0.4 ಸೆಕೆಂಡು ಬೇಕು, ಅಳಿಯನ ಬಿಲ್ಲಿಗೂ 0.22 ಬೇಕು. ಎಷ್ಟು ದುಡ್ಡು ಸುರಿದರೂ ಬಿಲ್ಲು ತನ್ನದೇ ಸದ್ದನ್ನು ಹಿಂದೆ ಹಾಕಲಾರದು. ಬೇಟೆಯನ್ನೇ ನಂಬಿ ಬದುಕಿದವರು ಅದಕ್ಕಾಗಿ ಬೇರೆ ವಿದ್ಯೆ ಕಲಿತರು. ಗಾಳಿಗೆ ಎದುರಾಗಿ ತೆವಳುವುದು, ಉಸಿರು ಹಿಡಿಯುವುದು, ಹತ್ತಿರವಾಗುವುದು, ಹತ್ತಿರವಾಗದಿದ್ದರೆ ಬಿಡದೆ ವಾಪಸಾಗುವುದು. ಈ ಕೊನೆಯದು ಎಲ್ಲಕ್ಕಿಂತ ಕಷ್ಟದ್ದಿರಬೇಕು.

ಬಿಲ್ವಿದ್ಯೆಯನ್ನು ಪ್ರವಾದಿ ಮುಹಮ್ಮದ್(ಸ) ಮೆಚ್ಚಿದ್ದು ಅಳಿಯನಿಗೂ ಗೊತ್ತು, ಬಿಲ್ಲು ಕೊಂಡಾಗ ಅಮ್ಮನಿಗೆ ಅದನ್ನೇ ಹೇಳಿದನಂತೆ. ಹಾತಿಮ್ ತಾಯಿಯ ಮಗ ಅದೀ(ರ) ಕೇಳಿದ ಪ್ರಶ್ನೆಗಳು ಮಾತ್ರ ಅವನಿಗೆ ಗೊತ್ತಿರಲಿಲ್ಲ. ದಾನಕ್ಕೆ ಹೆಸರಾದ ಆ ಹಾತಿಮನ ಮಗ ಬೇಟೆಗಾರ. ಗರಿಯಿಲ್ಲದ ದಪ್ಪ ಬಾಣದಿಂದ ಹೊಡೆದ ಪ್ರಾಣಿಯನ್ನು ತಿನ್ನಬಹುದೇ ಎಂದು ಪ್ರವಾದಿಯವರಲ್ಲಿ ಕೇಳಿದ. ಅದರ ಹರಿತವಾದ ತುದಿ ತಾಗಿ ಸತ್ತಿದ್ದರೆ ತಿನ್ನಬಹುದು, ಅಡ್ಡವಾಗಿ ಬಡಿದು ಸತ್ತಿದ್ದರೆ ತಿನ್ನಬಾರದು ಎಂಬುದು ಸಿಕ್ಕ ಉತ್ತರದ ಸಾರ. ಅಡ್ಡ ಬಡಿದದ್ದು ಕೋಲಿನಿಂದ ಚಚ್ಚಿ ಕೊಂದದ್ದಕ್ಕೆ ಸಮ. ಇದರಲ್ಲಿ ವಿಜ್ಞಾನ ಹುಡುಕಿ ಬೀಗುವವರು ನಮ್ಮಲ್ಲಿ ಇದ್ದಾರೆ, ನಾನು ಆ ಸಾಲಿನಲ್ಲಿಲ್ಲ. ನನ್ನ ಗಮನ ಸೆಳೆದದ್ದು ಬೇರೆ. ಬಾಣ ಎಷ್ಟು ಬಲವಾಗಿ ಬಡಿಯಿತು ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಆ ಜೀವ ಹೇಗೆ ಹೋಯಿತು ಎಂಬುದೇ ಪ್ರಶ್ನೆ. ಕೊಲ್ಲಲೇಬೇಕಾದಾಗಲೂ ಕತ್ತಿ ಮಸೆದು, ಪ್ರಾಣಿಗೆ ಹೆಚ್ಚು ನೋವಾಗದಂತೆ ಕೊಲ್ಲಬೇಕೆಂದೂ, ಜೀವವಿರುವ ಯಾವುದನ್ನೂ ಗುರಿಯಾಟಕ್ಕೆ ಕಟ್ಟಬಾರದೆಂದೂ ಇರುವ ಹದೀಸುಗಳನ್ನು ಇದರ ಜೊತೆಗಿಟ್ಟೇ ಓದಬೇಕು.

ಬಂದೂಕು ಬಂದಾಗ ಈ ಪ್ರಶ್ನೆ ಮತ್ತೆ ಎದ್ದಿತು. 19ನೇ ಶತಮಾನದ ಆರಂಭದಲ್ಲಿ ದಮಾಸ್ಕಸಿನ ಹನಫಿ ವಿದ್ವಾಂಸ ಇಬ್ನ್ ಆಬಿದೀನ್, ಸೀಸದ ಗುಂಡಿಗೆ ಅಲಗಿಲ್ಲ, ಅದು ಕೊಲ್ಲುವುದು ಸುಡುವುದರಿಂದ ಮತ್ತು ನೂಕುವ ರಭಸದಿಂದ, ಆದ್ದರಿಂದ ಜಬಹ್ ಮಾಡುವ ಮೊದಲೇ ಸತ್ತರೆ ಹಲಾಲ್ ಅಲ್ಲ ಎಂದರು. ಅದೇ ಕಾಲದ ಯೆಮನಿನ ಶೌಕಾನಿ, ಗುಂಡು ಬಾಣಕ್ಕಿಂತ ಚೆನ್ನಾಗಿ ದೇಹವನ್ನು ಭೇದಿಸುತ್ತದಲ್ಲ ಎಂದು ಒಪ್ಪಿಗೆ ಕೊಟ್ಟರು. ಯಾರು ಸರಿ ಎಂದು ಹೇಳಲು ನಾನು ಮುಫ್ತಿಯಲ್ಲ. ಆದರೆ ಭಾರೀ ವೇಗದ ಹೊಸ ಆಯುಧವೊಂದು ಎದುರು ಬಂದಾಗ ಇಬ್ಬರೂ ಅದರ ವೇಗಕ್ಕೆ ಮರುಳಾಗದೆ ಗಾಯವನ್ನು ಬಗ್ಗಿ ನೋಡಿದರು, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಅದೀ ಇನ್ನೂ ಕೇಳುತ್ತಾನೆ. ಬಾಣ ತಗುಲಿದ ಪ್ರಾಣಿ ಓಡಿಹೋಗಿ ಒಂದೆರಡು ದಿನದ ಮೇಲೆ ಸತ್ತು ಸಿಕ್ಕರೆ? ನಿನ್ನ ಬಾಣದ ಗುರುತಲ್ಲದೆ ಬೇರೇನೂ ಇಲ್ಲದಿದ್ದರೆ ತಿನ್ನಬಹುದು. ನೀರಿಗೆ ಬಿದ್ದು ಸತ್ತಿದ್ದರೆ? ತಿನ್ನಬಾರದು, ಕೊಂದದ್ದು ನೀರೋ ಬಾಣವೋ ನಿನಗೆ ಗೊತ್ತಿಲ್ಲ. ಈ ಜಾಗದಲ್ಲಿ ನಾನು ಬಹಳ ದಿನ ನಿಂತಿದ್ದೇನೆ. 'ಬಿಟ್ಟ ಬಾಣ ಹಿಂದೆ ಬಾರದು' ಎಂದು ನಾವು ಹೇಳುವಾಗ ಅದರಲ್ಲಿ ಒಂದು ಕೈತೊಳೆದುಕೊಳ್ಳುವಿಕೆ ಇರುತ್ತದೆ, ಆದದ್ದಾಯಿತು ಎಂಬಂತೆ. ಇಲ್ಲಿ ಹಾಗಲ್ಲ. ಬಿಸ್ಮಿಲ್ಲಾ ಹೇಳುವುದು ಬಾಣ ಬಿಡುವಾಗ, ಸಾವು ಆಗುವುದು ಎಷ್ಟೋ ದೂರದಲ್ಲಿ, ಎಷ್ಟೋ ಹೊತ್ತಿನ ಮೇಲೆ. ಆ ನಡುವಿನ ದಾರಿಯೆಲ್ಲ ಬಿಟ್ಟವನದೇ. ಅವನು ಹಿಂದೆ ಹೋಗಬೇಕು, ಹುಡುಕಬೇಕು, ಗುರುತು ನೋಡಬೇಕು. ಹಾಗೆಂದು ಜಗತ್ತಿನಲ್ಲಿ ಆಗುವ ಎಲ್ಲಕ್ಕೂ ಅವನನ್ನು ಹೊಣೆ ಮಾಡಿಲ್ಲ, ಹಾಗಾದರೆ ಯಾರೂ ಬಿಲ್ಲು ಮುಟ್ಟುತ್ತಿರಲಿಲ್ಲ. ಅವನ ಅರಿವು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದೇ ಷರತ್ತು, ಮಾಂಸ ಬಿಟ್ಟುಕೊಡಬೇಕು. ಗೊತ್ತಿಲ್ಲದ್ದರ ಲಾಭ ತೆಗೆದುಕೊಳ್ಳುವಂತಿಲ್ಲ.

ಬೇಟೆ ನಮ್ಮಲ್ಲಿ ಈಗ ಅಪರಾಧ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬಿಲ್ಲು ಹಿಡಿದು ಕಾಡಿಗೆ ಹೋಗುವ ಮಾತಿಲ್ಲ, ಹೋಗಲೂಬಾರದು. ಆದರೆ ದೂರದಿಂದ ಪ್ರಾಣಿಗೆ ಗುರಿಯಿಡುವ ಕೆಲಸ ಪೂರ್ತಿ ನಿಂತಿಲ್ಲ. ಅದು ಅರಣ್ಯ ಇಲಾಖೆಯ ಪಶುವೈದ್ಯರ ಕೈಗೆ ಬಂದಿದೆ. ಅರಿವಳಿಕೆಯ ಡಾರ್ಟ್ ಎಂದರೆ ಬಾಲಕ್ಕೆ ಕುಚ್ಚು ಕಟ್ಟಿದ ಒಂದು ಸಿರಿಂಜು, ಕೊಲ್ಲದಿರಲೆಂದೇ ಮಾಡಿದ ಬಾಣ. ದೂರ ನೋಡಿ ಅದರ ಒತ್ತಡ ಹೊಂದಿಸಬೇಕು. ವೇಗ ಕಡಿಮೆಯಾದರೆ ಮುಟ್ಟದು, ಹೆಚ್ಚಾದರೆ ಮೂಳೆ ಮುರಿಯಬಹುದು. ತಾಗಿದ ಕ್ಷಣಕ್ಕೆ ಪ್ರಾಣಿ ಬೀಳುವುದಿಲ್ಲ, ಮದ್ದು ಏರಲು ನಿಮಿಷಗಳು ಬೇಕು. ಅಷ್ಟರಲ್ಲಿ ಅದು ಕೆರೆಗೋ ಹೊಂಡಕ್ಕೋ ಇಳಿದರೆ ಮಂಪರಿನಲ್ಲಿ ಮುಳುಗಿ ಸಾಯಬಹುದು. ಅದಕ್ಕೇ ನೀರಿನ ಹತ್ತಿರ ಡಾರ್ಟ್ ಹೊಡೆಯಲು ಹಿಂಜರಿಯುತ್ತಾರೆ. ಅದೀಯ ಪ್ರಶ್ನೆ ಇಲ್ಲೂ ಎದುರಾದದ್ದು ಕಂಡು ನನಗೆ ಮೈ ಜುಮ್ಮೆಂದಿತು.

2016ರ ಫೆಬ್ರವರಿಯಲ್ಲಿ ವೈಟ್‌ಫೀಲ್ಡಿನ ಕಡೆಯ ಶಾಲೆಯೊಂದಕ್ಕೆ ಚಿರತೆ ನುಗ್ಗಿದ್ದು ಓದುಗರಿಗೆ ನೆನಪಿರಬಹುದು. ಅದನ್ನು ಹಿಡಿಯುವಷ್ಟರಲ್ಲಿ ದಿನವೇ ಕಳೆಯಿತು, ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರೂ ಸೇರಿ ಕೆಲವರು ಗಾಯಗೊಂಡರು. 2023ರ ಆಗಸ್ಟ್ ಕೊನೆಯಲ್ಲಿ ಹಾಸನದ ಆಲೂರು ಸೀಮೆಯಲ್ಲಿ, ಗಾಯಗೊಂಡ ಕಾಡಾನೆ ಭೀಮನಿಗೆ ಚಿಕಿತ್ಸೆ ಕೊಡಿಸಲು ಡಾರ್ಟ್ ಹಿಡಿದು ಹೋದ 'ಆನೆ ವೆಂಕಟೇಶ್' ಅದೇ ಆನೆಯ ದಾಳಿಗೆ ಸಿಕ್ಕು ಪ್ರಾಣ ಬಿಟ್ಟರು. ಅದೇ ವರ್ಷ ನವೆಂಬರ್ 1ರಂದು ಹೊಸೂರು ರಸ್ತೆಯ ಕೂಡ್ಲು ಗೇಟ್ ಬಳಿ ಕೆಲವು ದಿನಗಳಿಂದ ಹುಡುಕುತ್ತಿದ್ದ ಚಿರತೆಯೊಂದನ್ನು ಹಿಡಿಯುವಾಗ ಅದು ಸಿಬ್ಬಂದಿಯ ಮೇಲೆರಗಿತು. ಗುಂಡು ಹಾರಿತು, ಚಿರತೆ ಸತ್ತಿತು. ಯಾರದು ತಪ್ಪು ಎಂದು ದೂರದಲ್ಲಿ ಕೂತು ತೀರ್ಪು ಕೊಡುವುದು ಸುಲಭ. ಡಾರ್ಟ್ ಬಿಟ್ಟ ಮೇಲೆ ಪೊದೆಯೊಳಗೆ ಕಾಲಿಡುವುದು ಇದೆಯಲ್ಲ, ನಾನು ಹೇಳಲು ಹೊರಟದ್ದು ಅದರ ಬಗ್ಗೆ. ಆ ಜನ ಟಿ.ವಿ.ಯಲ್ಲಿ ಕಂಡಾಗಲೆಲ್ಲ ನನಗೆ ಬಿಲ್ಲುಗಾರರಂತೆಯೇ ಕಾಣುತ್ತಾರೆ.

ಇದನ್ನೆಲ್ಲ ಅಳಿಯನಿಗೆ ಫೋನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮೂ, ನಮ್ಮ ಆಫೀಸಿನಲ್ಲಿ ಇದು ನಡೆಯೋಲ್ಲ" ಎಂದ. ಅವನ ಕೆಲಸ ಮಿಲಿಸೆಕೆಂಡುಗಳನ್ನು ಕಡಿಮೆ ಮಾಡುವುದು. ಒಂದು ಗುಂಡಿ ಒತ್ತಿದರೆ ಅವನು ಕಾಣದ ಊರುಗಳಲ್ಲಿ ಏನೇನೋ ಬದಲಾಗುತ್ತದೆ. ಯಾರದೋ ಸಾಲದ ಅರ್ಜಿ ತಿರಸ್ಕಾರವಾಗುತ್ತದೆ, ಯಾರದೋ ಬಾಡಿಗೆ ಗಾಡಿಗೆ ಕೆಲಸ ಸಿಗುತ್ತದೆ. "ನಮ್ಮ ಕಡೆಯಿಂದ ಹೋಗಿದೆ ಅಂತ ಟಿಕೆಟ್ ಮುಚ್ಚುತ್ತೇವೆ. ಆಮೇಲಿನದು ಬೇರೆ ಟೀಮು. ಚೆನ್ನಾಗಿ ಆದರೆ ಬೋನಸ್ ನಮಗೆ, ಕೆಟ್ಟರೆ ಸರ್ವರಿನ ತಪ್ಪು." ನಗುತ್ತಲೇ ಹೇಳಿದ. ಕೊಂದದ್ದು ನೀರೋ ಬಾಣವೋ ಗೊತ್ತಿಲ್ಲದಾಗ ನಾವು ಮಾಂಸವನ್ನು ಇಟ್ಟುಕೊಂಡು ಗಾಯವನ್ನು ನೀರಿನ ಲೆಕ್ಕಕ್ಕೆ ಬರೆಯುತ್ತೇವೆ ಎಂದೆ. "ಎಲ್ಲದರ ಹಿಂದೆ ಹೋಗ್ತಾ ಕೂತರೆ ಕೆಲಸ ಆಗೋದು ಯಾವಾಗ?" ಎಂದು ಕೇಳಿದ. ಅದು ನ್ಯಾಯವಾದ ಪ್ರಶ್ನೆ. ಸಾವಿರ ಬಾಣ ಒಟ್ಟಿಗೆ ಬಿಡುವವನು ಒಂದೊಂದರ ಹಿಂದೆಯೂ ಹೇಗೆ ಹೋದಾನು? ಹಾಗಾದರೆ ಅಷ್ಟು ಬಾಣ ಬಿಡುವುದೇ ಸರಿಯೇ ಎಂದು ತಿರುಗಿ ಕೇಳಬೇಕೆನಿಸಿತು. ಆದರೆ ಆ ಸಂಬಳದಲ್ಲಿ ನಮ್ಮ ಅಕ್ಕನ ಔಷಧಿಯೂ ಬರುತ್ತದೆ, ಕೇಳಲಿಲ್ಲ.

ಬದಲಿಗೆ ಒಂದು ಹಳೆಯ ಸಂಗತಿ ಹೇಳಿದೆ. ನನಗೆ ಹತ್ತು ವರ್ಷವಿದ್ದಾಗ ಹೊಸಕೋಟೆ ಕಡೆಯ ನಮ್ಮೂರಿನಲ್ಲಿ ಬಿದಿರಿನ ಬಿಲ್ಲು ಮಾಡಿ, ಹಳೇ ಕೊಡೆಯ ಕಡ್ಡಿಯನ್ನು ಕಲ್ಲಿಗೆ ಉಜ್ಜಿ ಬಾಣ ಮಾಡಿಕೊಂಡಿದ್ದೆ. ಕೆರೆಯ ಅಂಚಿನಲ್ಲಿ ಒಂದು ನೀರುಕೋಳಿಗೆ ಅದು ತಾಗಿಯೇಬಿಟ್ಟಿತು. ಕಡ್ಡಿಯ ಸಮೇತ ಹಕ್ಕಿ ಜೊಂಡಿನೊಳಗೆ ಹೋಯಿತು. ಕುಣಿದಾಡುತ್ತ ಮನೆಗೆ ಬಂದೆ. ಉರ್ದು ಶಾಲೆಯ ಮೇಷ್ಟರಾಗಿದ್ದ ನಮ್ಮ ದಾದಾ ಬೈಯಲಿಲ್ಲ. "ಎಲ್ಲಿದೆ?" ಎಂದಷ್ಟೇ ಕೇಳಿದರು. ಅವರು ಪಾಯಜಾಮ ಮೊಣಕಾಲಿಗೆ ಏರಿಸಿಕೊಂಡು ನನ್ನ ಜೊತೆ ಕೆಸರಿಗಿಳಿದರು. ಮಗ್ರಿಬ್ ಅಜಾನ್ ಆಗುವವರೆಗೆ ಹುಡುಕಿದೆವು. ಸಿಗಲಿಲ್ಲ. "ಬೆಳಿಗ್ಗೆ ನೀನೊಬ್ಬನೇ ಮತ್ತೆ ಬಂದು ನೋಡು" ಎಂದರು.

"ಸಿಕ್ಕಿತಾ ಮಾಮೂ?"

ಬೆಳಿಗ್ಗೆ ನಾನು ಹೋಗಲಿಲ್ಲ. ಚಳಿಯಿತ್ತು, ಜಿಗಣೆಯ ಹೆದರಿಕೆಯೂ ಇತ್ತು. ಊರ ಬಾವಿಯವರೆಗೆ ಹೋಗಿ ಕಾಲು ಒದ್ದೆ ಮಾಡಿಕೊಂಡು ಬಂದು, ಹೋಗಿದ್ದೆ, ಇರಲಿಲ್ಲ ಎಂದೆ. ದಾದಾ ನನ್ನ ಕಾಲುಗಳನ್ನು ನೋಡಿದರು, ತಲೆ ಸವರಿದರು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ. ಆ ಕೆರೆಯ ಸುತ್ತ ಈಗ ತಂತಿಬೇಲಿಯಿದೆ, ಒಳಗೆ ಜೊಂಡು ಇನ್ನೂ ಇದೆ. ಹೋಗಲಿಲ್ಲ ಎಂಬುದನ್ನು ಇಷ್ಟು ವರ್ಷದಲ್ಲಿ ನಾನು ಮೊದಲು ಹೇಳಿದ್ದು ಅಳಿಯನಿಗೆ, ಅದೂ ಫೋನಿನಲ್ಲಿ.