ಸಿದ್ಧಿ ಮತ್ತು ಸಾಕ್ಷಿ

ಮಾನವನ ನಾಲಗೆಯಿಂದ ಹೊರಡುವ ಅಸತ್ಯದಲ್ಲಿ ಎರಡು ಬಗೆಗಳುಂಟು. ಆಗದುದನ್ನು ಆಯಿತೆನ್ನುವುದು ಮೊದಲನೆಯ ಬಗೆ. ಇದು ಸ್ಥೂಲವಾದುದು, ಸುಳ್ಳೆಂಬುದು ಆಡುವವನಿಗೂ ಗೊತ್ತು, ಕೇಳಿದವನಿಗೂ ಇಂದಲ್ಲ ನಾಳೆ ಗೊತ್ತಾಗುವುದು. ಆಗಿರಬಹುದಾದುದನ್ನು ಆಗಿಯೇ ಹೋಯಿತೆನ್ನುವುದು ಎರಡನೆಯ ಬಗೆ. ಇದು ಅತಿ ಸೂಕ್ಷ್ಮವಾದುದು. ಇಲ್ಲಿ ಆಡಿದ ಮಾತು ನಿಜವೇ ಆಗಿರಲೂಬಹುದು. ಆದರೆ ಅದು ನಿಜವೆಂಬುದು ಆಡಿದವನಿಗೆ ತಿಳಿದಿರುವುದಿಲ್ಲ. ಹೀಗೆ ಅರಿಯದೆ ಆಡಿದ ನಿಜವು ಸತ್ಯವೆನಿಸೀತೇ? ಸ್ಥೂಲ ಅಸತ್ಯವನ್ನು ತೊರೆದ ಸಜ್ಜನರೂ ಈ ಸೂಕ್ಷ್ಮ ಅಸತ್ಯದಲ್ಲಿ ಎಡವುವುದುಂಟಾದುದರಿಂದ ಈ ಪ್ರಶ್ನೆಯು ವಿಚಾರಣೀಯವಾಗಿದೆ. ಅಮೇರಿಕೆಯ ಕೆಲವು ವಿದ್ಯಾರ್ಥಿಗಳ ಬಾಳಿನಲ್ಲಿ ಇದು ಎದ್ದು ನಿಂತ ಬಗೆಯನ್ನು ನೋಡಿದರೆ ವಿಷಯವು ವಿಶದವಾಗುವುದು.

ಆ ದೇಶದಲ್ಲಿ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು, ತಾವೇ ರಾಕೆಟ್ಟನ್ನು ನಿರ್ಮಿಸಿ ಹಾರಿಸುವ ಸ್ಪರ್ಧೆಯೊಂದು ೨೦೦೬ರಲ್ಲಿ ಆರಂಭವಾಯಿತು. ಮೊದಲು ಯೂಟಾ ಸಂಸ್ಥಾನದಲ್ಲಿಯೂ, ೨೦೧೭ರಿಂದ ೨೦೨೪ರವರೆಗೆ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿಯೂ ಅದು ನಡೆಯಿತು; ೨೦೨೫ರಲ್ಲಿ ಟೆಕ್ಸಾಸಿನ ಮಿಡ್‌ಲ್ಯಾಂಡಿಗೆ ಸಾಗಿತು. ಅಲ್ಲಿಯ ನಿಯಮವೊಂದು ಮನನಯೋಗ್ಯವಾಗಿದೆ. ಎಲ್ಲರಿಗಿಂತ ಎತ್ತರಕ್ಕೆ ಹಾರಿಸಿದವರು ಅಲ್ಲಿ ಗೆಲ್ಲುವುದಿಲ್ಲ. ೧೦,೦೦೦ ಅಡಿ, ೩೦,೦೦೦ ಅಡಿ ಎಂಬಂತೆ ಗುರಿಯನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಗುರಿಗಿಂತ ಕೆಳಗುಳಿದರೆ ಅಂಕಗಳು ಕಡಿಮೆಯಾಗುವಂತೆಯೇ ಗುರಿಯನ್ನು ಮೀರಿದರೂ ಕಡಿಮೆಯಾಗುತ್ತವೆ. ಅಷ್ಟೇ ಅಲ್ಲ, ಎಷ್ಟು ಎತ್ತರಕ್ಕೆ ಹೋಯಿತೆಂಬುದಕ್ಕೆ ತಂಡದವರ ಮಾತು ಪ್ರಮಾಣವಲ್ಲ. ರಾಕೆಟ್ಟಿನೊಳಗೆ ಇಟ್ಟ ಎತ್ತರಮಾಪಕವು ಬರೆದುಕೊಂಡ ಅಂಕಿಯೇ ಪ್ರಮಾಣ. ಬಲವಿದ್ದರೆ ಸಾಲದು, ಬಲಕ್ಕೆ ಮಿತಿ ಬೇಕು. ಮಿತಿಯಿದ್ದರೆ ಸಾಲದು, ಅದಕ್ಕೆ ಸಾಕ್ಷಿ ಬೇಕು ಎಂಬುದೇ ಈ ನಿಯಮದ ತಾತ್ಪರ್ಯ.

ಈ ಸ್ಪರ್ಧೆಗೆ ತೀರ್ಪುಗಾರರುಂಟು. ಆದರೆ ತೀರ್ಪುಗಾರರಿಲ್ಲದ ಇನ್ನೊಂದು ಸ್ಪರ್ಧೆಯೂ ವಿದ್ಯಾರ್ಥಿಗಳ ನಡುವೆ ಬೆಳೆದು ನಿಂತಿತ್ತು. ಭೂಮಿಯಿಂದ ೧೦೦ ಕಿಲೋಮೀಟರ್ ಮೇಲಿನ ಗಡಿಯನ್ನು ಅಂತರಿಕ್ಷದ ಹೊಸ್ತಿಲೆಂದು ಲೋಕವು ಸಾಮಾನ್ಯವಾಗಿ ಎಣಿಸುತ್ತದೆ. ವಿದ್ಯಾರ್ಥಿಗಳೇ ಕಟ್ಟಿದ ರಾಕೆಟ್ಟನ್ನು ಆ ಹೊಸ್ತಿಲಿನಾಚೆಗೆ ಮೊದಲು ದಾಟಿಸುವವರು ಯಾರು? ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಈ ಹಂಬಲದಿಂದ ವರ್ಷಗಳನ್ನು ಸವೆಸಿದರು. ತಮ್ಮ ರಾಕೆಟ್ಟಿಗೆ ಅವರು ಟ್ರಾವೆಲರ್, ಎಂದರೆ ಪಥಿಕ, ಎಂದು ಹೆಸರಿಟ್ಟರು. ೨೦೧೩ರಲ್ಲಿ ಹಾರಿಸಿದ ಮೊದಲನೆಯದೂ ೨೦೧೪ರ ಎರಡನೆಯದೂ ಗುರಿ ಮುಟ್ಟದೆ ನಾಶವಾದವು. ಅವರು ಎದೆಗುಂದದೆ ದುಡಿದು ಮೂರನೆಯದನ್ನು ಕಟ್ಟಿ, ೨೦೧೮ರ ಸೆಪ್ಟೆಂಬರ್ ೨೯ರಂದು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಿಂದ ಹಾರಿಸಿದರು. ರಾಕೆಟ್ಟು ಮೇಲೇರಿತು, ಬಹುಶಃ ಹೊಸ್ತಿಲನ್ನು ದಾಟಿಯೂ ಇದ್ದೀತು. ಆದರೆ ಹಾರಿಸುವ ಮುನ್ನ ಅದರೊಳಗಿನ ವಿದ್ಯುನ್ಮಾನ ಉಪಕರಣವನ್ನು ಚಾಲೂ ಮಾಡುವ ಕೆಲಸ ಆಗಿರಲಿಲ್ಲ. ಪರಿಣಾಮವಾಗಿ ಹಾರಾಟದ ಒಂದು ಅಂಕಿಯೂ ದೊರೆಯಲಿಲ್ಲ. ರಾಕೆಟ್ಟೂ ಮರಳಿ ಸಿಕ್ಕಲಿಲ್ಲ.

ಈಗ ವಿಚಾರ ಮಾಡೋಣ. ಲೆಕ್ಕಾಚಾರವೆಲ್ಲ ಅವರ ಪರವಾಗಿತ್ತು. ರಾಕೆಟ್ಟು ಏರಿದುದನ್ನು ಕಣ್ಣಾರೆ ಕಂಡವರಿದ್ದರು. ಅದು ಗಡಿ ದಾಟಲಿಲ್ಲವೆಂದು ತೋರಿಸಲು ಜಗತ್ತಿನಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಪ್ರತಿಸ್ಪರ್ಧಿಗಳು ಬೆನ್ನಹಿಂದೆಯೇ ಇದ್ದರು. ಮೊದಲಿಗರು ನಾವೇ ಎಂದು ಸಾರಿಬಿಟ್ಟಿದ್ದರೆ ಅಲ್ಲಗಳೆಯುವವರಾರು? ಆದರೂ ಆ ಹಾರಾಟಕ್ಕೆ ಮೊದಲಿಗನ ಪಟ್ಟ ದೊರೆಯಲಿಲ್ಲ. ಮುಂದೆ ನಾಲ್ಕನೆಯದನ್ನು ಕಟ್ಟಿ, ಅಳೆದು, ಅನಂತರವೇ ಅವರು ಮೊದಲಿಗರೆಂದು ಹೇಳಿಕೊಂಡರು.

ಇಲ್ಲಿ ಒಂದು ಆಕ್ಷೇಪವು ತಲೆದೋರಬಹುದು. ರಾಕೆಟ್ಟು ಏರಿದ ಎತ್ತರವು ಉಪಕರಣದಿಂದ ಹುಟ್ಟಿದುದೇ? ಅಳೆಯಲಿ ಬಿಡಲಿ, ಅದು ಏರಿದಷ್ಟು ಏರಿಯೇ ಇತ್ತು. ಹಾಗಿರಲು, ಒಂದು ಗುಂಡಿಯನ್ನು ಒತ್ತದ ಮಾತ್ರಕ್ಕೆ ಅಷ್ಟು ಜನರ ಶ್ರಮವೆಲ್ಲ ಇಲ್ಲವಾಗುವುದು ನ್ಯಾಯವೇ? ಈ ಆಕ್ಷೇಪವು ಸುಲಭದಲ್ಲಿ ತಳ್ಳಿಹಾಕುವಂಥದಲ್ಲ. ಶ್ರಮವು ಇಲ್ಲವಾಗಲಿಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಕೈ ಕಲಿತ ವಿದ್ಯೆ ಕೈಯಲ್ಲಿಯೇ ಉಳಿಯಿತು; ಕಾಯಕದ ಫಲ ಅದು. ಆದರೆ ಎತ್ತರವು ರಾಕೆಟ್ಟಿಗೆ ಸೇರಿದುದು, ಹೇಳಿಕೆಯು ಹೇಳುವವನಿಗೆ ಸೇರಿದುದು. ರಾಕೆಟ್ಟಿಗೆ ಇಂಧನವು ಆಧಾರವಾದಂತೆ ಹೇಳಿಕೆಗೆ ಅರಿವು ಆಧಾರ. ಅರಿವಿಲ್ಲದ ಹೇಳಿಕೆಯು ಕಾಕತಾಳೀಯವಾಗಿ ನಿಜಕ್ಕೆ ತಾಗಿದರೂ, ಅದು ಕುರುಡನೆಸೆದ ಕಲ್ಲು ಹಣ್ಣಿಗೆ ತಾಗಿದಂತೆ. ಹಣ್ಣು ಬಿದ್ದುದು ದಿಟ. ಗುರಿಕಾರನೆಂಬ ಹೆಸರು ಅವನಿಗೆ ಸಲ್ಲದು.

ಇನ್ನು ಇಂತಹ ಹೇಳಿಕೆಯಿಂದ ಯಾರಿಗೇನು ಹಾನಿ ಎಂದು ಕೇಳುವವರೂ ಉಂಟು. ವಿದ್ಯಾರ್ಥಿಗಳ ತಂಡವು ನಿಂತ ನೀರಲ್ಲ, ಹರಿಯುವ ಹೊಳೆ. ನಾಲ್ಕಾರು ವರ್ಷ ಕಲಿತವರು ಹೊರಗೆ ಹೋಗುತ್ತಾರೆ, ಹೊಸಬರು ಬರುತ್ತಾರೆ. ಹೋಗುವವರು ಬರುವವರಿಗೆ ಬಿಟ್ಟುಹೋಗುವ ಆಸ್ತಿಯೆಂದರೆ ದಾಖಲೆಯ ಪುಸ್ತಕ. ಅದರಲ್ಲಿ ಊಹೆಯನ್ನು ಅಳತೆಯೆಂದು ಬರೆದಿಟ್ಟರೆ, ಮುಂದಿನವರು ಆ ಅಂಕಿಯನ್ನೇ ನೆಚ್ಚಿ ಗೋಡೆಯ ದಪ್ಪವನ್ನೂ ಇಂಧನದ ತೂಕವನ್ನೂ ಗೊತ್ತುಮಾಡುವರು. ಹಿರಿಯರ ಹಿರಿಮೆಯು ಕಿರಿಯರ ಕೈಯಲ್ಲಿ ಸಿಡಿಯುವುದು ಹೀಗೆ. ಸೋತುದನ್ನು ಸೋತೆವೆಂದೂ, ತಿಳಿಯದುದನ್ನು ತಿಳಿಯದೆಂದೂ ಬರೆದಿಡುವುದು ಬರಲಿರುವವರಿಗೆ ಸಲ್ಲಿಸುವ ದಾಸೋಹವೇ ಸರಿ.

೨೦೧೯ರ ಏಪ್ರಿಲ್ ೨೧ರಂದು ನ್ಯೂ ಮೆಕ್ಸಿಕೋದಿಂದ ನಾಲ್ಕನೆಯ ಪಥಿಕನು ಹಾರಿದನು. ಈ ಸಲ ಉಪಕರಣವು ಎಚ್ಚತ್ತಿತ್ತು, ರಾಕೆಟ್ಟೂ ಕೈಸೇರಿತು. ಅಂಕಿಗಳನ್ನು ಪರಿಶೀಲಿಸಿ ತಂಡದವರು ಪ್ರಕಟಿಸಿದ ಎತ್ತರವು ೩,೩೯,೮೦೦ ಅಡಿ. ಹೊಸ್ತಿಲು ಇರುವುದು ಸುಮಾರು ೩,೨೮,೦೮೪ ಅಡಿಯಲ್ಲಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಕೇಳುವವರು ತೃಪ್ತರಾಗುತ್ತಿದ್ದರು. ಆದರೆ ಆ ಎತ್ತರದಲ್ಲಿ ಗಾಳಿಯ ಒತ್ತಡವು ಇಲ್ಲವೆನ್ನುವಷ್ಟು ಕ್ಷೀಣವಾದುದರಿಂದ ಒತ್ತಡವನ್ನು ನೋಡಿ ಎತ್ತರವನ್ನು ಅರಿಯಲು ಬಾರದು. ವೇಗದ ಏರಿಕೆಯನ್ನು ಕ್ಷಣಕ್ಷಣಕ್ಕೂ ಅಳೆದು, ಕೂಡಿಸುತ್ತ ಎತ್ತರವನ್ನು ಗುಣಿಸಬೇಕು. ಕೂಡಿಸಿದಷ್ಟೂ ಸಣ್ಣ ಸಣ್ಣ ತಪ್ಪುಗಳೂ ಕೂಡುತ್ತ ಹೋಗುವುವು. ಆದುದರಿಂದ ತಮ್ಮ ಅಂಕಿಯು ೧೬,೮೦೦ ಅಡಿ ಹೆಚ್ಚೂ ಇದ್ದೀತು, ಕಡಿಮೆಯೂ ಇದ್ದೀತು ಎಂದು ಅವರು ಅದರೊಡನೆಯೇ ಸೇರಿಸಿದರು. ಕಡಿಮೆಯ ಕೊನೆಯನ್ನು ಹಿಡಿದರೆ ರಾಕೆಟ್ಟು ಗಡಿಯಿಂದ ಸುಮಾರು ೫,೦೦೦ ಅಡಿ ಕೆಳಗೇ ಉಳಿದಂತಾಗುವುದು! ಗಡಿ ದಾಟಿದೆವೆಂಬ ಮಾತಿಗೆ ನೂರಕ್ಕೆ ೯೦ ಪಾಲು ನಿಶ್ಚಯವುಂಟೆಂದು ಅವರೇ ಹೇಳಿದರು. ಉಳಿದ ೧೦ ಪಾಲನ್ನು ಮರೆಮಾಡಲಿಲ್ಲ.

ಸತ್ಯನಿಷ್ಠೆಯೆಂದರೆ ಎಲ್ಲದರಲ್ಲಿಯೂ ಪೂರ್ಣ ನಿಶ್ಚಯ ದೊರೆಯುವವರೆಗೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಹಾಗೆ ಇದ್ದರೆ ಲೋಕವ್ಯವಹಾರವೇ ನಡೆಯದು. ನಿಶ್ಚಯವಿದ್ದಷ್ಟನ್ನು ಧೈರ್ಯವಾಗಿ ಹೇಳಿ, ಇಲ್ಲದಷ್ಟನ್ನು ಅದೇ ಉಸಿರಿನಲ್ಲಿ ಹೇಳುವುದೇ ಸತ್ಯನಿಷ್ಠೆ. ಇದರಿಂದ ಅವರ ಗೌರವವು ಕುಂದಲಿಲ್ಲ. ಅದೇ ವಿಶ್ವವಿದ್ಯಾನಿಲಯದ ಮುಂದಿನ ವಿದ್ಯಾರ್ಥಿಗಳು ೨೦೨೪ರ ಅಕ್ಟೋಬರಿನಲ್ಲಿ ಬ್ಲ್ಯಾಕ್ ರಾಕ್ ಮರುಭೂಮಿಯಿಂದಲೇ ಹಾರಿಸಿದ ರಾಕೆಟ್ಟು ಸುಮಾರು ೪,೭೦,೦೦೦ ಅಡಿಗೆ ಏರಿತು. ಗಡಿಯನ್ನು ಕುರಿತ ಸಂಶಯಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಗೃಹಸ್ಥರಾದ ನಮಗೆ ಇದರಿಂದ ಆಗುವ ಬೋಧೆಯೇನು? ನಮ್ಮ ಮನೆಗಳಲ್ಲಿಯೂ ಇಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ. ಪ್ರಯೋಗಶಾಲೆಯಲ್ಲಿ ಉತ್ತರವು ಹೊಂದದಿದ್ದಾಗ ಅಂಕಿಯನ್ನೇ ತಿದ್ದಿ ಹೊಂದಿಸುವ ಚಾಪಲ್ಯವು ಅವರಿಗೂ ಬರಬಹುದು. ಅಂಗಡಿಯ ಖಾತೆ ಬರೆಯುವವರು ಬರಬಹುದಾದ ಬಾಕಿಯನ್ನು ಬಂದ ಹಣವೆಂದು ಎಣಿಸುವುದುಂಟು. ಹೊಲದ ಒಡೆಯರು ನಿಂತ ಪೈರನ್ನು ಕಣಜದ ಕಾಳೆಂದು ಹೇಳಿ ಸಾಲ ತರುವುದುಂಟು. ಕನ್ಯೆ ನೋಡಲು ಹೋದವರು ಮಗನಿಗೆ ಸಿಗಬಹುದಾದ ನೌಕರಿಯನ್ನು ಸಿಕ್ಕಿದ ನೌಕರಿಯೆಂದು ನುಡಿಯುವುದುಂಟು. ಇವರಾರೂ ತಾವು ಸುಳ್ಳಾಡಿದೆವೆಂದು ತಿಳಿಯುವುದಿಲ್ಲ. ನಾಳೆ ಅದು ನಿಜವೇ ಆದರೆ ಇನ್ನಷ್ಟು ನಿಶ್ಚಿಂತರಾಗುತ್ತಾರೆ. ಅಪಾಯವಿರುವುದು ಆ ನಿಶ್ಚಿಂತೆಯಲ್ಲಿಯೇ. ಒಮ್ಮೆ ಫಲಿಸಿದ ಊಹೆಯು ಮುಂದಿನ ಹತ್ತು ಊಹೆಗಳಿಗೆ ಬಾಗಿಲು ತೆರೆಯುತ್ತದೆ.

ಆದುದರಿಂದ ಮಕ್ಕಳು ತಮ್ಮ ಗೆಲುವನ್ನು ಹೇಳಿಕೊಳ್ಳುತ್ತ ಮನೆಗೆ ಬಂದಾಗ, ಎಷ್ಟು ಅಂಕ ಬಂದವೆಂದು ಕೇಳುವುದರ ಜೊತೆಗೆ, ಅದು ನಿನಗೆ ಹೇಗೆ ತಿಳಿಯಿತೆಂದೂ ಪ್ರೀತಿಯಿಂದ ಕೇಳಬೇಕು. ತಿಳಿಯದೆಂದು ಅವರು ಹೇಳಿದ ದಿನ ಗದರಿಸದೆ ಮೆಚ್ಚಿಕೊಳ್ಳಬೇಕು. ನಡೆಯು ನುಡಿಯನ್ನು ಮುಟ್ಟುವವರೆಗೆ ನುಡಿಯನ್ನು ತಡೆದು ನಿಲ್ಲಿಸುವ ಬಲವು ಅಂತಹ ಮನೆಯಲ್ಲಿಯೇ ಬೆಳೆಯುವುದು.