ಕಾಯುವುದು ಮತ್ತು ಕಾಯಿಸುವುದು

ಡಿಸೆಂಬರ್ ಹುಟ್ಟಿತೆಂದರೆ ಸಂಘಟನೆಯ ಗೆಳೆಯರಿಂದ ನಮಗೊಂದು ಪ್ರಶ್ನೆ ಬಂದೇ ಬರುತ್ತದೆ. ಇಪ್ಪತ್ತೈದನೇ ತಾರೀಖು ಬಾಬಾಸಾಹೇಬರು ಮನುಸ್ಮೃತಿಯನ್ನು ಸುಟ್ಟ ದಿನ. 1927ರಲ್ಲಿ, ಮಹಾಡದಲ್ಲಿ. ಅದೇ ತಾರೀಖಿನ ರಾತ್ರಿ, 1968ರಲ್ಲಿ, ತಂಜಾವೂರು ಜಿಲ್ಲೆಯ ಕೀಳ್‌ವೆಣ್ಮಣಿಯಲ್ಲಿ, ಕುಯ್ಲಿನ ಕೂಲಿಗೆ ಒಂದಿಷ್ಟು ಭತ್ತ ಹೆಚ್ಚು ಕೊಡಿ ಎಂದು ಕೇಳಿದ್ದಕ್ಕೆ 44 ಮಂದಿ ದಲಿತರನ್ನು ಜೀವಂತ ಸುಟ್ಟರು. "ಇಂಥಾ ದಿನ ಮುಂದಿಟ್ಕೊಂಡು ನೀವು ನಾಲ್ಕು ವಾರ ಮನೆಯೊಳಗೆ ಕೂತು ಬಣ್ಣದ ಕಾಗದ ಕತ್ತರಿಸ್ತೀರಿ, ಹಿಟ್ಟು ನಾದ್ತೀರಿ, ಮಕ್ಕಳ ಜೊತೆ ಹಾಯಾಗಿ ಕಾಲ ಕಳೀತೀರಿ. ಇದು ಸರಿಯಾ?" ಅನ್ನುವುದು ಅವರ ಪ್ರಶ್ನೆ. ತಮಾಷೆಗೆ ಕೇಳುವವರೂ ಇದ್ದಾರೆ, ಸಿಟ್ಟಿನಿಂದ ಕೇಳುವವರೂ ಇದ್ದಾರೆ. ಸಿಟ್ಟಿನಿಂದ ಕೇಳುವವರಿಗೆ ಉತ್ತರ ಕೊಡುವುದು ನಮ್ಮ ಜವಾಬ್ದಾರಿ.

ನಾವೆಂದರೆ ಕರಿಘಟ್ಟದ ಆಸುಪಾಸಿನ ಕೆಲವು ಮನೆಗಳವರು. ಅಜ್ಜಂದಿರ ಕಾಲಕ್ಕೆ ಕೇರಿಯಿಂದ ಚರ್ಚಿಗೆ ಹೋದವರು. ಚರ್ಚಿಗೆ ಹೋದೆವೇ ಹೊರತು ಕೇರಿ ಬಿಟ್ಟು ಬಂದೆವೆಂದು ಹೇಳುವ ಧೈರ್ಯ ನಮಗಿಲ್ಲ. ಆ ಮಾತು ಮುಂದೆ ಬರುತ್ತದೆ.

ಈ ನಾಲ್ಕು ವಾರಗಳಿಗೆ ಚರ್ಚಿನವರು ಆಗಮನ ಕಾಲ ಎನ್ನುತ್ತಾರೆ. ನವೆಂಬರ್ ಮೂವತ್ತರ ಹತ್ತಿರದ ಭಾನುವಾರಕ್ಕೆ ಶುರುವಾಗುತ್ತದೆ. ಭಾನುವಾರಕ್ಕೊಂದರಂತೆ ನಾಲ್ಕು ಮೇಣದ ಬತ್ತಿ. ಇದು ಶಾಸ್ತ್ರದ ಮಾತಾಯಿತು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕಿಂತ ಸಣ್ಣದು. ಲೋಕಪಾವನಿ ಕಡೆಯಿಂದ ಮಂಜು ಎದ್ದು ಬೆಟ್ಟದ ಬುಡ ಕಾಣದ ಬೆಳಗು. ಬೆಟ್ಟದ ಮೇಲಿನ ಶ್ರೀನಿವಾಸನ ಗುಡಿಯಲ್ಲಿ ಧನುರ್ಮಾಸದ ಪೂಜೆ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಯಾರೋ ಒಬ್ಬರು ಹಳೇ ತಗಡಿನ ಡಬ್ಬಿ ಹುಡುಕಿ, ಮಣ್ಣು ತುಂಬಿ, ರಾಗಿ ಚೆಲ್ಲುತ್ತಾರೆ. ಗೋದಲಿಯಲ್ಲಿ ಇಡುವುದಕ್ಕೆ ಹಸಿರು ಬೇಕಲ್ಲ. ಬಿದಿರು ದಬ್ಬೆ ಸೀಳಿ ನಕ್ಷತ್ರದ ಕಟ್ಟು ಕಟ್ಟುವುದು ಒಂದು ಸಂಜೆ. ಕಾಗದ ಅಂಟಿಸುವುದು ಇನ್ನೊಂದು ಸಂಜೆ. ಗೋಡೆಗೆ ಸುಣ್ಣ. ಅಕ್ಕಿ ನೆನೆಹಾಕಿ, ಬಸಿದು, ನೆರಳಲ್ಲಿ ಆರಿಸಿ, ಮಿಲ್ಲಿಗೆ ಹಾಕಿಸುವುದು. ಕಾದ ಎಣ್ಣೆಯಲ್ಲಿ ಅಚ್ಚನ್ನು ಅದ್ದಿ ಅಚ್ಚು ಮುರುಕು ಬಿಡಿಸುವುದು. ಅಚ್ಚು ಸರಿಯಾಗಿ ಕಾಯದಿದ್ದರೆ ಹಿಟ್ಟು ಕಚ್ಚಿಕೊಳ್ಳುತ್ತದೆ, ಬಿಡುವುದಿಲ್ಲ. ಹುಡುಗರು ದಿನಕ್ಕೆ ಹತ್ತು ಸಲ ಹೋಗಿ ಡಬ್ಬಿಯಲ್ಲಿ ರಾಗಿ ಮೊಳೆತಿತೇ ಎಂದು ಕೆದಕಿ ನೋಡುತ್ತಾರೆ. ಅಜ್ಜಿ ಗದರುತ್ತಾಳೆ: "ಅವಸ್ರ ಪಟ್ರೆ ಪೈರು ಬತ್ತದೇನ್ಲಾ? ನೀರಾಕ್ಬುಟ್ಟು ಸುಮ್ಕಿರು."

ಇಷ್ಟೇ ನಮ್ಮ ಸುಖ. ಇದನ್ನು ಸಮರ್ಥಿಸಿಕೊಳ್ಳಬೇಕಾದ ಪ್ರಸಂಗ ಬಂತಲ್ಲ ಎಂದು ಕೆಲವರಿಗೆ ಬೇಜಾರು. ನಮಗೆ ಬೇಜಾರಿಲ್ಲ. ಯಾವ ಸುಖವೂ ಪ್ರಶ್ನೆಗೆ ಹೊರತಲ್ಲ ಎಂದು ಕಲಿಸಿದ್ದು ಈ ಚಳುವಳಿಯೇ.

ನಿಧಾನ ಎಂಬುದು ಯಾರ ಸೊತ್ತು? ಮೊದಲು ಇದನ್ನು ಕೇಳಬೇಕು. ಕೃಷ್ಣರಾಜಸಾಗರದ ನಾಲೆಯ ನೀರು ಕುಡಿದ ಬಯಲಿನಲ್ಲಿ ಡಿಸೆಂಬರ್ ಎಂದರೆ ಭತ್ತದ ಕುಯ್ಲು, ಒಕ್ಕಣೆ, ಕಬ್ಬಿನ ಕಡಿತ. ಆಲೆಮನೆಯ ಒಲೆ ರಾತ್ರಿಯೂ ಉರಿಯುತ್ತದೆ. ವರ್ಷದಲ್ಲಿ ಕೂಲಿ ಸಿಗುವ ತಿಂಗಳೂ ಇದೇ, ಮೈ ಮುರಿಯುವ ತಿಂಗಳೂ ಇದೇ. ಗದ್ದೆಯ ಯಜಮಾನನಿಗೆ ಈಗ ಅವಸರ: ಯಂತ್ರ ಬರುವುದಿದೆ, ಮಳೆ ಬಂದೀತು, ದರ ಬಿದ್ದೀತು. ಆ ಅವಸರ ಇಳಿಯುವುದು ಕುಡುಗೋಲು ಹಿಡಿದವರ ಬೆನ್ನಿನ ಮೇಲೆ. ಪರ ಊರಿಂದ ಬಂದು ಗದ್ದೆ ಬದಿಯಲ್ಲಿ ಟಾರ್ಪಾಲ್ ಕಟ್ಟಿಕೊಂಡು ಕಬ್ಬು ಕಡಿಯುವ ಗುಂಪಿನ ಮಕ್ಕಳಿಗೆ ಯಾವ ಹಬ್ಬದ ಮುನ್ನಾ ದಿನವೂ ಇಲ್ಲ. ಇದನ್ನು ನೋಡುತ್ತ ನೋಡುತ್ತ ನಾವು ನಿಧಾನವನ್ನು ಹೊಗಳಿದರೆ ಅದು ಉಳ್ಳವರ ಮಾತಿನ ಹಾಗೆ ಕೇಳಿಸುತ್ತದೆ. ಇದು ನಮಗೆ ಗೊತ್ತು.

ಹಾಗಾದರೂ ಇನ್ನೊಂದು ಲೆಕ್ಕ ಇದೆ. ನಮ್ಮ ಅಜ್ಜಂದಿರಿಗೆ ಹಬ್ಬವೆಂದರೆ ಏನಾಗಿತ್ತು? ಊರ ಹಬ್ಬದ ದಿನ ಅವರಿಗೆ ದುಡಿಮೆ ಹೆಚ್ಚು. ತಮಟೆ ಬಡಿಯುವುದು, ಸೌದೆ ಒಡೆಯುವುದು, ಚಪ್ಪರಕ್ಕೆ ಸೊಪ್ಪು ತರುವುದು, ಎಲ್ಲ ಮುಗಿದ ಮೇಲೆ ಸೆರಗೊಡ್ಡಿ ತಂಗಳು ತರುವುದು. ಅವರು ಹಬ್ಬಕ್ಕಾಗಿ ಕಾದಿದ್ದಿಲ್ಲ, ಹಬ್ಬದ ಬಾಗಿಲು ಕಾದವರು. ಜೀತಕ್ಕಿದ್ದವನಿಗೆ ಸಂಜೆ ಅನ್ನುವುದೇ ಇರಲಿಲ್ಲ. ಅವನ ಸಂಜೆಯೂ ಒಡೆಯನದೇ. ಜೀತ ಪದ್ಧತಿ ರದ್ದಿಯ ಕಾಯಿದೆ ಬಂದದ್ದು 1976ರಲ್ಲಿ, ಅಂದರೆ ನಮ್ಮಲ್ಲಿ ಅನೇಕರಿಗೆ ಬುದ್ಧಿ ಬಂದ ಮೇಲೆ. ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ ಬಾಬಾಸಾಹೇಬರು ಹಿಡಿದ ಕೆಲಸಗಳಲ್ಲಿ ಒಂದು, ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಸುವುದು. 1946ರ ತಿದ್ದುಪಡಿಯಲ್ಲಿ ಅದು ಕಾಯಿದೆಯಾಯಿತು. ಆ ಆರು ಗಂಟೆ ಯಾತಕ್ಕೆ? ಮನುಷ್ಯ ತನ್ನ ಮನೆಯಲ್ಲಿ, ತನ್ನವರ ಜೊತೆ, ಯಾರ ಅಪ್ಪಣೆಯೂ ಇಲ್ಲದೆ ಕೂರುವುದಕ್ಕೆ ಎಂದೇ ನಾವು ಅರ್ಥ ಮಾಡಿಕೊಂಡಿದ್ದೇವೆ. ಗದ್ದೆಯ ಕೂಲಿಗೆ ಆ ಕಾಯಿದೆ ಮುಟ್ಟಲಿಲ್ಲ. ಅದಕ್ಕೇ ಕುಯ್ಲು ಮುಗಿಸಿ ಬಂದು, ಕೈಕಾಲು ತೊಳೆದು, ಮಗಳ ಪಕ್ಕ ಕೂತು ಕಾಗದಕ್ಕೆ ಅಂಟು ಹಚ್ಚುವ ಒಂದು ಗಂಟೆಯನ್ನು ನಾವು ಉಳ್ಳವರ ವಿರಾಮದ ಜೊತೆ ಸೇರಿಸಲು ತಯಾರಿಲ್ಲ. ಅದು ಕಿತ್ತುಕೊಂಡು ತಂದ ಗಂಟೆ.

ಇಲ್ಲಿ ಗಂಡಸರು ಜಂಬಪಡುವಂತಿಲ್ಲ. ಮನೆಯೊಳಗಿನ ಈ ಶಾಂತಿಯನ್ನು ಬೇಯಿಸುವವರು ಯಾರು? ಎಷ್ಟೋ ಮನೆಗಳಲ್ಲಿ ಗಂಡಸಿನ ನಿಧಾನ ಹೆಂಗಸಿನ ಅವಸರದ ಮೇಲೆ ನಿಂತಿದೆ. ಆಕೆಯೂ ಗದ್ದೆಯಿಂದಲೇ ಬಂದವಳು. ಅವನು ನಕ್ಷತ್ರ ಕಟ್ಟಿ ಬೀದಿಯಲ್ಲಿ ನಿಂತು ಅಂದ ನೋಡುವಾಗ ಇವಳು ಒಲೆಯ ಮುಂದೆ ಹೊಗೆ ಕುಡಿಯುತ್ತಿರುತ್ತಾಳೆ. ಕಾಯಿ ತುರಿಯುವುದು, ಅಕ್ಕಿ ಬಸಿಯುವುದು, ಪಾತ್ರೆ ಬೆಳಗುವುದು ಹಂಚಿಕೆಯಾಗದ ಮನೆಯಲ್ಲಿ ಆಗಮನ ಕಾಲ ಅರ್ಧ ಮನೆಗೆ ಮಾತ್ರ ಬರುತ್ತದೆ. ಸಂಘಟನೆಯ ಸಭೆಗೂ ಈ ಮಾತು ಸಲ್ಲುತ್ತದೆ, ಅಲ್ಲೂ ಟೀ ಮಾಡುವವರು ಯಾರೆಂದು ನೋಡಿಕೊಳ್ಳಲಿ.

ಪೇಟೆಯ ಕ್ರಿಸ್ಮಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಸೂರಿನ ಅಂಗಡಿಗಳಲ್ಲಿ ಕೆಂಪು ಟೋಪಿ, ಪ್ಲಾಸ್ಟಿಕ್ ಹಿಮ. ಕಾವೇರಿ ಬಯಲಿನಲ್ಲಿ ಹಿಮ ಎಲ್ಲಿಂದ ಬರಬೇಕು! ಆದರೆ ಸಂಘದ ಸಾಲ ಎತ್ತಿ ಹಬ್ಬ ಮಾಡುವ ರೂಢಿ ನಮ್ಮ ಕೇರಿಗಳಿಗೂ ಬಂದಿದೆ. ಭಾನುವಾರಕ್ಕೊಂದು ಬತ್ತಿ ಹಚ್ಚುವ ಮನೆಯ ಮುಂದೆ ಸೋಮವಾರಕ್ಕೊಂದು ಕಂತು ಕೇಳುವವನ ಬೈಕು ನಿಲ್ಲುತ್ತದೆ. ಡಬ್ಬಿಯ ರಾಗಿಗೆ ಬಡ್ಡಿ ಇಲ್ಲ.

ಇನ್ನು ಮೌನದ ಮಾತು. ಸದ್ದಿಲ್ಲದ ಹಬ್ಬ ನಮಗೆ ಇಷ್ಟ ಎನ್ನುವಾಗ ಎಚ್ಚರ ಬೇಕು, ಯಾಕೆಂದರೆ ಮೌನದಲ್ಲಿ ಎರಡು ಜಾತಿ. ನಾವೇ ಆರಿಸಿಕೊಂಡದ್ದು ಒಂದು, ನಮ್ಮ ಬಾಯಿಗೆ ತುರುಕಿದ್ದು ಇನ್ನೊಂದು.

ಹೊಳೆಯಾಚೆಯ ಗಂಜಾಂ ನೋಡಿ. ಅಲ್ಲಿ ನಿಮಿಷಾಂಬೆಯ ಗುಡಿ ಇದೆ, ಹೈದರ್-ಟಿಪ್ಪು ಮಲಗಿರುವ ಗುಂಬಜ್ ಇದೆ, ದುಬೆ ಪಾದ್ರಿ ಕಟ್ಟಿಸಿದ ಚರ್ಚೂ ಇದೆ. ಈ ಫ್ರೆಂಚ್ ಪಾದ್ರಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದು ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟು ಮಾಡಿದ. ಸಿಡುಬಿನ ಲಸಿಕೆ ಹಾಕಿಸಲು ದುಡಿದ. ಜನ ದೊಡ್ಡ ಸ್ವಾಮಿಗಳು ಎಂದು ಕರೆದರು. ಇವೆಲ್ಲ ಒಪ್ಪತಕ್ಕದ್ದೇ. ಆದರೆ ಹಿಂದೂಗಳ ಆಚಾರ ವಿಚಾರದ ಬಗ್ಗೆ ಅವನು ಬರೆದು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಜಾತಿ ಪದ್ಧತಿಯನ್ನು ಹಿಂದೂ ಶಾಸನಕಾರರ ಅತ್ಯುತ್ತಮ ಸಾಧನೆ ಎಂಬಂತೆ ಹೊಗಳಿದ್ದಾನೆ. ಅದೇ ಪುಸ್ತಕದಲ್ಲಿ ಹೊಲೆಯರ ಬಾಳು ಗುಲಾಮರ ಬಾಳೆಂದೂ ಕಂಡವನು. ಕಂಡರೂ ಹೊಗಳಿದ. ಮೂವತ್ತು ವರ್ಷ ಇಲ್ಲಿದ್ದು, ಈ ದೇಶದವರನ್ನು ಮತಾಂತರ ಮಾಡುವುದು ಆಗದ ಮಾತು ಎಂಬ ತೀರ್ಮಾನಕ್ಕೆ ಬಂದು, 1823ರಲ್ಲಿ ಊರಿಗೆ ಹೊರಟುಹೋದ. ಇಂಥ ತಲೆಗಳು ಕಟ್ಟಿದ ಚರ್ಚುಗಳಲ್ಲಿ ಜಾತಿ ಮುಂದಿನ ಸಾಲಲ್ಲೇ ಕೂತಿತು. ತಮಿಳುನಾಡಿನ ವಡಕ್ಕನ್‌ಕುಳಂನಲ್ಲಂತೂ ಒಂದೊಂದು ಜಾತಿಗೆ ಒಂದೊಂದು ಭಾಗವೆಂದು ಚರ್ಚನ್ನೇ ಸೀಳಿ ಕಟ್ಟಿದ್ದರು. ಗೋದಲಿಯ ಮುಂದೆ ಮೌನವಾಗಿ ಮಂಡಿಯೂರಿದವರಲ್ಲಿ ಎಷ್ಟು ಮಂದಿ ಭಕ್ತಿಯಿಂದ ಮೌನವಾಗಿದ್ದರು, ಎಷ್ಟು ಮಂದಿ ಹಿಂದಿನ ಸಾಲಿನವರೆಂಬ ಕಾರಣಕ್ಕೆ ಬಾಯಿ ಮುಚ್ಚಿದ್ದರು?

ಸರ್ಕಾರ ತುರುಕಿದ ಮೌನ ಬೇರೆ. 1950ರ ಆಗಸ್ಟಿನ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ನಮ್ಮ ರಾಜ್ಯದಲ್ಲಿ ಕ್ರೈಸ್ತರಾದ ಪರಿಶಿಷ್ಟರನ್ನು ಹಿಂದುಳಿದವರ ಪ್ರವರ್ಗ ಒಂದಕ್ಕೆ ಸೇರಿಸಿದ್ದಾರೆ, ನಿಜ. ಆದರೆ ಮೈಮೇಲೆ ಕೈಮಾಡಿದವನ ಮೇಲೆ 1989ರ ದೌರ್ಜನ್ಯ ತಡೆ ಕಾಯಿದೆಯಡಿ ದೂರು ಕೊಡಲು ಪ್ರವರ್ಗ ಒಂದು ಸಾಲದು. ಊರ ಮುಂದಿನ ಹೋಟೆಲಿನಲ್ಲಿ ಲೋಟ ಬೇರೆ ಇಡುವವನು ಜ್ಞಾನಸ್ನಾನದ ಚೀಟಿ ಕೇಳುವುದಿಲ್ಲ, ತಾಲ್ಲೂಕು ಕಚೇರಿಯವನು ಕೇಳುತ್ತಾನೆ. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಹೆಣ್ಣುಮಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಪ್ಪದೆ ಚರ್ಚಿಗೆ ಹೋಗುತ್ತಾ ಕೆಲಸಕ್ಕೋಸ್ಕರ ಹಿಂದೂ ಎನ್ನುವಂತಿಲ್ಲ ಎಂದು ಹೇಳಿತು. ಕೋರ್ಟಿಗೆ ಅದು ಸಂವಿಧಾನಕ್ಕೆ ಮಾಡಿದ ಮೋಸ. ಮೂರು ತಲೆಮಾರು ಒಂದೇ ಕೇರಿಯಲ್ಲಿ, ಒಂದೇ ಹೆಸರಿನಿಂದ ಬೈಸಿಕೊಂಡು ಬದುಕಿದವರಿಗೆ ಮೋಸ ಯಾವ ಕಡೆಯಿಂದ ಆಯಿತೆಂದು ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ.

ಈಗ ಬಾಗಿಲಿಗೆ ಕಟ್ಟುವ ಆ ನಕ್ಷತ್ರವನ್ನು ಇನ್ನೊಮ್ಮೆ ನೋಡಬೇಕು. ನಮಗೆ ಗೊತ್ತಿರುವ ಮನೆಗಳುಂಟು, ಅಲ್ಲಿ ನಕ್ಷತ್ರ ಬೀದಿಗೆ ಕಾಣುವುದಿಲ್ಲ. ಅಡಿಗೆಮನೆಯ ತೊಲೆಗೆ ತೂಗುತ್ತದೆ. ಮಗ ಹಾಸ್ಟೆಲಿನಲ್ಲಿದ್ದಾನೆ, ಮಗಳಿಗೆ ಸ್ಕಾಲರ್‌ಶಿಪ್ ಬರುತ್ತಿದೆ. ಬಾಗಿಲಿನ ನಕ್ಷತ್ರ ಅವರ ಪಾಲಿಗೆ ಸಾಕ್ಷಿ ಹೇಳುವ ವಸ್ತು. ಈ ಮನೆಗಳ ಹಬ್ಬವೂ ನಿಧಾನ, ಇವರ ಹಬ್ಬವೂ ಸದ್ದಿಲ್ಲದ್ದು. ಇದನ್ನು ನೋಡಿ "ಆಹಾ, ಎಷ್ಟು ಸರಳ" ಎನ್ನುವವನ ಕೆನ್ನೆಗೆ ಬಾರಿಸಬೇಕೆನಿಸುತ್ತದೆ.

ಸುವಾರ್ತೆಯ ಕತೆಯಲ್ಲೂ ಒಂದು ಖಾನೇಷುಮಾರಿ ಬರುತ್ತದೆ. ರೋಮಿನ ಚಕ್ರವರ್ತಿಯ ಅಪ್ಪಣೆ: ಎಲ್ಲರೂ ತಂತಮ್ಮ ಮೂಲದ ಊರಿಗೆ ಹೋಗಿ ಹೆಸರು ಬರೆಸಬೇಕು. ತುಂಬು ಬಸುರಿ ಆ ದಾರಿ ನಡೆದದ್ದು ದೊರೆಯ ದಫ್ತರಕ್ಕೋಸ್ಕರ. 2025ರಲ್ಲಿ ನಮ್ಮ ರಾಜ್ಯದ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಗಳ ಹೆಸರಿನ ಪಕ್ಕ ಕ್ರಿಶ್ಚಿಯನ್ ಎಂಬ ಪದ ಕಂಡಾಗ ಎದ್ದ ಗದ್ದಲವನ್ನು ಓದುಗರು ಮರೆತಿರಲಾರರು. ಬರೆಸಿದರೆ ಒಂದು ಕಷ್ಟ, ಬರೆಸದಿದ್ದರೆ ಒಂದು ಕಷ್ಟ. ಆ ಕತೆಯಲ್ಲಿ ಮೊದಲ ಸುದ್ದಿ ಹೋದದ್ದು ಅರಮನೆಗಲ್ಲ, ರಾತ್ರಿ ಬಯಲಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ. ಕನ್ನಡದಲ್ಲಿ ಕಾಯುವುದು ಎಂಬ ಒಂದೇ ಮಾತಿಗೆ ಎಷ್ಟು ಕೆಲಸ! ದಾರಿ ಕಾಯುವುದು, ಹೊಲ ಕಾಯುವುದು, ಎಣ್ಣೆ ಕಾಯುವುದು. ಮೂರರಲ್ಲೂ ಸುಮ್ಮನೆ ಕೂತಿರುವುದು ಇಲ್ಲ.

ಕೀಳ್‌ವೆಣ್ಮಣಿಯ ಆ ರಾತ್ರಿ ಜನ ಏನು ಮಾಡಿದ್ದರು? ಹೊಡೆಯಲು ಬಂದವರಿಂದ ತಪ್ಪಿಸಿಕೊಂಡು ಹೆಂಗಸರು, ಮಕ್ಕಳು, ಮುದುಕರು ಒಂದು ಗುಡಿಸಲಿಗೆ ಹೊಕ್ಕರು. ಬಾಗಿಲು ಹಾಕಿಕೊಂಡರೆ ಜೀವ ಉಳಿದೀತೆಂದು ನಂಬಿದರು. ಆ ಗುಡಿಸಲಿಗೇ ಬೆಂಕಿ ಇಟ್ಟರು. ಮುಂದೆ ಹೈಕೋರ್ಟು ಜಮೀನ್ದಾರರನ್ನು ಖುಲಾಸೆ ಮಾಡಿತು. ಕೂಲಿಯ ಮಗು ಡಿಸೆಂಬರಿನ ರಾತ್ರಿ ಬಾಗಿಲು ಹಾಕಿದ ಮನೆಯಲ್ಲಿ, ತಾಯಿಯ ಮಗ್ಗುಲಲ್ಲಿ, ನಾಳೆ ತಿನ್ನುವ ಕಜ್ಜಾಯ ನೆನೆಯುತ್ತ ನಿದ್ದೆ ಹೋಗಬೇಕು. ಗೆಳೆಯರೇ, ಇದನ್ನು ಹೋರಾಟದ ಬೇಡಿಕೆಗಳ ಪಟ್ಟಿಗೆ ಸೇರಿಸಿಕೊಳ್ಳಿ ಎಂದು ನಾವು ಕೇಳುತ್ತೇವೆ. ಭತ್ತದ ಆ ಹೆಚ್ಚಿನ ಅಳತೆ ಕೇಳಿದ್ದೂ ಇದಕ್ಕೇ ಅಲ್ಲವೆ? ಮಹಾಡದ ದಿನದ ಸಭೆಗೆ ನಾವು ಬರುತ್ತೇವೆ, ಪೂಜೆ ಮುಗಿಸಿ, ಮಕ್ಕಳನ್ನೂ ಕರೆದುಕೊಂಡು. ಬರುವುದಕ್ಕೆ ಮುಂಚಿನ ನಾಲ್ಕು ವಾರದ ಸಂಜೆಗಳ ಲೆಕ್ಕ ಮಾತ್ರ ಯಾರಿಗೂ ಒಪ್ಪಿಸುವುದಿಲ್ಲ.

ಉಳಿಯುವುದು ಅಡಿಗೆಮನೆಯ ನಕ್ಷತ್ರ. ಅದನ್ನು ಬಾಗಿಲಿಗೆ ತನ್ನಿ ಎಂದು ಆ ಮನೆಯವರಿಗೆ ಹೇಳುವ ಹಕ್ಕು ನಮಗಿದೆಯೆ? ಮಗಳ ಓದು ನಿಂತರೆ ಫೀಸು ಕಟ್ಟುವವರು ನಾವಲ್ಲ. ಧರ್ಮ ಬದಲಿಸಿದ ದಲಿತರಿಗೆ ಪರಿಶಿಷ್ಟ ಸ್ಥಾನ ಕೊಡಬಹುದೆಂದು ರಂಗನಾಥ ಮಿಶ್ರ ಆಯೋಗ 2007ರಲ್ಲೇ ವರದಿ ಕೊಟ್ಟಿತ್ತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದೇ ಪ್ರಶ್ನೆಗೆ ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ಎರಡು ವರ್ಷದ ಗಡುವು ಕೊಟ್ಟು, ಗಡುವು ಮುಗಿದ ಮೇಲೆ ಮುಂದಕ್ಕೆ ಹಾಕಿತು. ರಾಗಿ ಡಬ್ಬಿಯ ಮುಂದೆ ಹುಡುಗರು ಕಾಯುತ್ತಾರೆ, ಹತ್ತು ದಿನಕ್ಕೆ ಪೈರು ಬೆರಳುದ್ದ ಆಗುತ್ತದೆ. 1950ರಿಂದ ಈ ಮನೆಗಳವರನ್ನು ಕಾಯಿಸುತ್ತಿದ್ದಾರೆ. ಹೋದ ವರ್ಷ ಒಂದು ಮನೆಯಲ್ಲಿ ಸಣ್ಣ ಹುಡುಗಿಯೊಬ್ಬಳು ತೊಲೆಯ ಕೆಳಗೆ ನಿಂತು ಅವರಜ್ಜಿಯನ್ನು ಕೇಳಿದಳು: "ಅಜ್ಜೀ, ನಮ್ಮನೇದ್ನ ಯಾಕ್ ಒಳ್ಗೇ ಕಟ್ಟವ್ರೆ?" ಅಜ್ಜಿ ಒಲೆ ಊದುತ್ತಿದ್ದಳು. "ಹೊಗೆ ಕಣವ್ವ, ಅತ್ಲಾಗ್ ನಿಂತ್ಕೊ" ಎಂದಳು.