ರಿಮ್ಮಿನ ಆಳ ಮತ್ತು ಔಚಿತ್ಯದ ಪ್ರಶ್ನೆ

ಸಾಮಾನ್ಯ ಸೈಕಲ್ಲಿನ ಹಿಂಚಕ್ರದಲ್ಲಿ ಫ್ರೀವೀಲ್ ಎಂಬ ಭಾಗವಿರುವುದರಿಂದ ಸವಾರ ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತನ್ನ ಪಾಡಿಗೆ ಉರುಳುತ್ತದೆ. ಫಿಕ್ಸೆಡ್ ಗೇರ್ ಸೈಕಲ್ಲಿನಲ್ಲಿ ಈ ಸೌಕರ್ಯವಿಲ್ಲ, ಹಿಂದಿನ ಹಲ್ಲುಚಕ್ರವನ್ನು ನೇರವಾಗಿ ಹಬ್‌ಗೆ ಬಿಗಿದಿರುವುದರಿಂದ ಚಕ್ರ ತಿರುಗುವಷ್ಟು ಹೊತ್ತೂ ಸವಾರನ ಕಾಲು ತಿರುಗುತ್ತಲೇ ಇರಬೇಕಾಗುತ್ತದೆ. ವೆಲೊಡ್ರೋಮ್ ಎಂದು ಕರೆಯುವ, ತಿರುವುಗಳಲ್ಲಿ ಹೊರಅಂಚನ್ನು ಎತ್ತರಿಸಿ ಕಟ್ಟಿದ ಪಂದ್ಯದ ಪಥಕ್ಕೆಂದು ರೂಪುಗೊಂಡ, ಬ್ರೇಕ್ ಕೂಡ ಇಲ್ಲದ ಈ ವಾಹನವನ್ನು ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ಮೊದಲಾದ ನಗರಗಳ ಕೊರಿಯರ್ ಸವಾರರು ಬೀದಿಗೆ ತಂದರು. ಈ ಶತಮಾನದ ಮೊದಲ ದಶಕದಲ್ಲಿ ಅದು ಅವರಿಂದ ನಗರದ ಯುವಜನರ ಕೈಗೆ ಬಂದು, ಉಡುಪಿನಷ್ಟೇ ಎಚ್ಚರದಿಂದ ಆಯ್ದು ಜೋಡಿಸುವ ವಸ್ತುವಾಯಿತು. ಆ ಆಯ್ಕೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಆಳವಾದ ರಿಮ್. ಟೈರು ಕೂರುವ ಅಂಚಿನಿಂದ ಹಬ್‌ನ ಕಡೆಗೆ ಅಳೆದಾಗ ಹಳೆಯ ಪೆಟ್ಟಿಗೆಯಾಕಾರದ ರಿಮ್ ಸುಮಾರು 15ರಿಂದ 20 ಮಿಲಿಮೀಟರ್ ಇದ್ದರೆ, ಆಳದ ರಿಮ್ 30ರಿಂದ ತೊಡಗಿ ಕಾರ್ಬನ್ ನಾರಿನ ಮಾದರಿಗಳಲ್ಲಿ 80–90ರವರೆಗೂ ಹೋಗುತ್ತದೆ. ಅದನ್ನು ಕೊಳ್ಳುವವರು ಓಟಕ್ಕಾಗಿ ಕೊಳ್ಳುತ್ತಾರೋ ನೋಟಕ್ಕಾಗಿ ಕೊಳ್ಳುತ್ತಾರೋ ಎಂಬ ವಾದ ಸವಾರರ ನಡುವೆ ಮುಗಿಯದು. ಮೇಲುನೋಟಕ್ಕೆ ಕ್ಷುಲ್ಲಕವೆನಿಸುವ ಈ ವಾದದ ಬುಡದಲ್ಲಿ ಉಪಯೋಗಕ್ಕೂ ಸೌಂದರ್ಯಕ್ಕೂ ಇರುವ ನಂಟಿನ ಪ್ರಶ್ನೆ ಇದೆ.

ಓಟದ ಪಕ್ಷದ ವಾದ ಸುಳ್ಳಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಾಗುವವನು 40ಕ್ಕೆ ಏರಿದಾಗ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಗೆಲ್ಲಲು ಕಾಲು ಒದಗಿಸಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆಳದ ರಿಮ್ ಟೈರಿನ ಹಿಂದೆ ಗಾಳಿ ಸುಳಿಗಟ್ಟದೆ ನಯವಾಗಿ ಹರಿದುಹೋಗುವಂತೆ ಮಾಡುತ್ತದೆ. ಕಡ್ಡಿಗಳ ಉದ್ದವನ್ನೂ ಸಂಖ್ಯೆಯನ್ನೂ ಕಡಿಮೆ ಮಾಡಿ, ಗಾಳಿಯನ್ನು ಕಡೆಯುವ ಅವುಗಳ ಕೆಲಸವನ್ನು ತಗ್ಗಿಸುತ್ತದೆ. ಆದರೆ ಗಾಳಿಯ ತಡೆಯಲ್ಲಿ ಬಹುಪಾಲು ಸವಾರನ ಮೈಯದು, ಚಕ್ರಗಳದು ಸಣ್ಣ ಪಾಲು. ಮುಂದೆ 48 ಹಲ್ಲು, ಹಿಂದೆ 16 ಹಲ್ಲು ಇರುವ ಸೈಕಲ್ಲಿನಲ್ಲಿ ನಿಮಿಷಕ್ಕೆ 90 ಸುತ್ತಿನಂತೆ ಬಿಡುವಿಲ್ಲದೆ ತುಳಿದರೆ ವೇಗ ಗಂಟೆಗೆ ಸುಮಾರು 34 ಕಿಲೋಮೀಟರ್ ಆಗುತ್ತದೆ. ಸಿಗ್ನಲ್ಲುಗಳ ನಡುವೆ ನಿಂತು ನಿಂತು ಸಾಗುವ ನಗರದ ಸವಾರನ ಸರಾಸರಿ ಅದಕ್ಕಿಂತ ಬಹಳ ಕೆಳಗಿರುತ್ತದೆ. ಹಾಗೆಂದು ಎದುರು ಪಕ್ಷದವರು ರಿಮ್ಮಿನ ಭಾರದ ಬಗ್ಗೆ ಆಡುವ ಮಾತೂ ಅಳತೆ ಮೀರಿದ್ದೇ. ಅಂಚಿನಲ್ಲಿರುವ ತೂಕ ಮುಂದೆ ಸಾಗುವುದರ ಜೊತೆಗೆ ತಿರುಗಲೂ ಬೇಕಾದ್ದರಿಂದ, ವೇಗ ಪಡೆಯುವಾಗ ಅದನ್ನು ಎರಡರಷ್ಟು ಎಂದು ಲೆಕ್ಕ ಹಾಕುವುದು ಸರಿಯಾದರೂ, 300 ಗ್ರಾಂ ಹೆಚ್ಚುವರಿ ತೂಕ 600 ಗ್ರಾಂ ಆದರೆ ಸವಾರನೂ ಸೈಕಲ್ಲೂ ಸೇರಿದ 80 ಕಿಲೋದಲ್ಲಿ ಅದು ನೂರಕ್ಕೆ ಒಂದು ಪಾಲೂ ಅಲ್ಲ. ನಿಜವಾಗಿ ಅನುಭವಕ್ಕೆ ಬರುವುದು ಅಡ್ಡಗಾಳಿ: ಆಳದ ಮುಂಚಕ್ರ ಹಾಯಿಯಂತೆ ಗಾಳಿ ಹಿಡಿದು ಹ್ಯಾಂಡಲನ್ನು ಪಕ್ಕಕ್ಕೆಳೆಯುತ್ತದೆ. ಗಾಳಿಯೇ ಬೀಸದ ಒಳಾಂಗಣ ವೆಲೊಡ್ರೋಮಿನಲ್ಲಿ ಈ ದೋಷವಿಲ್ಲದಿರುವುದರಿಂದಲೇ ಅಲ್ಲಿ ಆಳಕ್ಕೆ ಮಿತಿಯಿಲ್ಲದೆ, ರಿಮ್ ಹಬ್‌ನವರೆಗೂ ಇಳಿದು ಇಡೀ ತಟ್ಟೆಯೇ ಆಗಿಬಿಡುತ್ತದೆ.

ಹೀಗಿರುವಾಗ ಬೀದಿಯ ಮೇಲಿನ ಆಳದ ರಿಮ್ ಏನನ್ನು ಹೇಳುತ್ತದೆ? ಪ್ಲೇಟೋನ ಹೆಸರಿನಲ್ಲಿ ಬಂದಿರುವ ‘ಹಿಪ್ಪಿಯಸ್ ಮೇಜರ್’ ಸಂವಾದದಲ್ಲಿ ಸಾಕ್ರಟೀಸ್ ಕಾಳಿನ ಸಾರು ಕುದಿಯುವ ಮಡಕೆಯನ್ನು ಉದಾಹರಣೆಯಾಗಿಟ್ಟು, ಅದಕ್ಕೆ ಚಿನ್ನದ ಸೌಟು ಚೆಂದವೋ ಅಂಜೂರ ಮರದ ಸೌಟು ಚೆಂದವೋ ಎಂದು ಕೇಳುತ್ತಾನೆ. ಮರದ ಸೌಟು ಸಾರಿಗೆ ಪರಿಮಳ ಕೊಡುತ್ತದೆ, ಮಡಕೆಯನ್ನು ಒಡೆಯುವುದಿಲ್ಲ. ಆದ್ದರಿಂದ ಅದೇ ತಕ್ಕದ್ದು, ತಕ್ಕದ್ದೇ ಚೆಂದದ್ದು ಎಂಬತ್ತ ಮಾತು ಸಾಗುತ್ತದೆಯಾದರೂ ಸಂವಾದ ಅಲ್ಲಿಗೆ ನಿಲ್ಲುವುದಿಲ್ಲ, ಆ ಉತ್ತರವನ್ನೂ ಅಲುಗಾಡಿಸಿಯೇ ಬಿಡುತ್ತದೆ. ಈ ಒರೆಗಲ್ಲಿಗೆ ಹಚ್ಚಿದರೆ ಬೀದಿಯ ಆಳದ ರಿಮ್ ಚಿನ್ನದ ಸೌಟೇ ಸರಿ. ಆದರೆ ಚಿನ್ನಕ್ಕೂ ಸಾರಿಗೂ ಸಂಬಂಧವಿಲ್ಲ, ಆಳದ ರಿಮ್ಮಿಗೂ ವೇಗಕ್ಕೂ ಸಂಬಂಧವಿದೆ. ಅದರ ಆಕಾರ ಒಂದು ಕೆಲಸದಿಂದಲೇ ಹುಟ್ಟಿದ್ದು, ಆ ಕೆಲಸ ಇಲ್ಲದ ಕಡೆಗೆ ಬಂದಿದೆ ಅಷ್ಟೆ.

ಈ ಸ್ಥಿತಿಯನ್ನು ವಿವರಿಸಲು ಭಾರತೀಯ ಅಲಂಕಾರಶಾಸ್ತ್ರದ ಪರಿಭಾಷೆ ಗ್ರೀಕರದಕ್ಕಿಂತ ಹೆಚ್ಚು ಒದಗುತ್ತದೆ. ‘ಗಂಗೆಯಲ್ಲಿ ಹಟ್ಟಿ’ ಎಂಬುದು ಶಾಸ್ತ್ರಕಾರರು ಮತ್ತೆ ಮತ್ತೆ ಎತ್ತಿಕೊಳ್ಳುವ ಉದಾಹರಣೆ. ಹರಿಯುವ ನೀರಿನ ಮೇಲೆ ಹಟ್ಟಿ ಇರಲಾರದಾದ್ದರಿಂದ ಮಾತಿನ ನೇರ ಅರ್ಥಕ್ಕೆ ತಡೆ ಬೀಳುತ್ತದೆ, ಇದಕ್ಕೆ ಮುಖ್ಯಾರ್ಥಬಾಧೆ ಎಂದು ಹೆಸರು. ಆಗ ಸಾಮೀಪ್ಯದ ನಂಟಿನಿಂದ ದಡದ ಮೇಲಿನ ಹಟ್ಟಿ ಎಂಬ ಅರ್ಥ ದೊರೆಯುತ್ತದೆ, ಇದು ಲಕ್ಷಣೆ. ದಡವೆಂದೇ ಹೇಳಬಹುದಾಗಿದ್ದರೂ ಗಂಗೆಯೆಂದದ್ದರಿಂದ ಹಟ್ಟಿಗೆ ಆ ನದಿಯ ತಂಪೂ ಪಾವಿತ್ರ್ಯವೂ ಹೊಳೆಯುತ್ತವೆ, ಇದು ವ್ಯಂಜನೆ. ಸಿಗ್ನಲ್ಲಿನಲ್ಲಿ ಒಂದು ಕಾಲೂರಿ ನಿಂತ ಸವಾರನ ಆಳದ ರಿಮ್ಮೂ ಇದೇ ಬಗೆಯಲ್ಲಿ ಅರ್ಥ ಕೊಡುತ್ತದೆ. ವೇಗವೆಂಬ ಅದರ ನೇರ ಅರ್ಥಕ್ಕೆ ಅಲ್ಲಿ ಬಾಧೆ ಇದೆ. ಪಂದ್ಯದ ಪಥದೊಡನೆ ಅದಕ್ಕಿರುವ ನಂಟು ನೆನಪಾಗುತ್ತದೆ. ಆ ನಂಟಿನ ಮೂಲಕ ಕಸುವು, ನಿಷ್ಠುರತೆ, ಅನಗತ್ಯವಾದುದನ್ನೆಲ್ಲ ಕಳಚಿದ ಯಂತ್ರದ ಬಿಗುವು ನೋಡುವವರಿಗೆ ಹೊಳೆಯುತ್ತವೆ. ಇದನ್ನು ಸುಳ್ಳು ಎನ್ನುವುದಾದರೆ ಗಂಗೆಯಲ್ಲಿನ ಹಟ್ಟಿಯೂ ಸುಳ್ಳೇ. ಚಕ್ರದ ಮಗ್ಗುಲು ತುಳಿಯುವವನಿಗಿಂತ ದಾರಿಬದಿಯಲ್ಲಿ ನಿಂತವರಿಗೇ ಚೆನ್ನಾಗಿ ಕಾಣುತ್ತದೆ ಎಂಬುದೂ ಇಲ್ಲಿ ಗಮನಾರ್ಹ: ಕಾವ್ಯದಂತೆ ಇದಕ್ಕೂ ಸಹೃದಯ ಬೇಕು.

ಇನ್ನು ಓಟ ಎಂಬುದಾದರೂ ನೋಟಕ್ಕೆ ಎದುರಾಗಿ ನಿಲ್ಲಿಸಬಹುದಾದ ಗಟ್ಟಿ ನೆಲವೇ ಎಂದು ಕೇಳಬೇಕಾಗುತ್ತದೆ. ಒಂದು ಗಂಟೆಯಲ್ಲಿ ಒಬ್ಬ ಸವಾರ ಎಷ್ಟು ದೂರ ಸಾಗಬಲ್ಲನೆಂಬ ದಾಖಲೆ ಫಿಕ್ಸೆಡ್ ಗೇರ್ ಸೈಕಲ್ಲಿನ ಶುದ್ಧ ಪರೀಕ್ಷೆ ಎನಿಸಿಕೊಂಡಿದೆ. ಎಡ್ಡಿ ಮೆರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಸಾಮಾನ್ಯ ಕಡ್ಡಿಯ ಚಕ್ರಗಳಿಂದ 49.431 ಕಿಲೋಮೀಟರ್ ಸಾಗಿದ. ಫ್ರಾನ್ಸೆಸ್ಕೊ ಮೋಸರ್ 1984ರ ಜನವರಿಯಲ್ಲಿ ಅದೇ ನಗರದಲ್ಲಿ ತಟ್ಟೆಯ ಚಕ್ರಗಳಿಂದ 51.151 ಮುಟ್ಟಿದ, ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ಅದನ್ನು 56.375ಕ್ಕೆ ಒಯ್ದ. ಆಗ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಅಳೆಯಬೇಕಾದದ್ದು ಮನುಷ್ಯನನ್ನೇ ಹೊರತು ಸಲಕರಣೆಯನ್ನಲ್ಲವೆಂದು, ಮೆರ್ಕ್ಸನ ಕಾಲದ ಬಗೆಯ ಸೈಕಲ್ಲನ್ನೇ ಕಡ್ಡಾಯಗೊಳಿಸಿತು. ಅದೇ ಬೋರ್ಡ್‌ಮನ್ 2000ದಲ್ಲಿ ಮ್ಯಾಂಚೆಸ್ಟರಿನಲ್ಲಿ ಹಳೆಯ ಬಗೆಯ ಚಕ್ರಗಳ ಮೇಲೆ ಸಾಗಿದ್ದು 49.441 ಕಿಲೋಮೀಟರ್, ಮೆರ್ಕ್ಸನಿಗಿಂತ ಹತ್ತೇ ಮೀಟರ್ ಹೆಚ್ಚು. 2014ರಲ್ಲಿ ಒಕ್ಕೂಟ ಮನಸ್ಸು ಬದಲಿಸಿ ಆಧುನಿಕ ಸಲಕರಣೆಗೆ ಮತ್ತೆ ಬಾಗಿಲು ತೆರೆಯಿತು. ಜಪಾನಿನಲ್ಲಿ 1948ರಿಂದ ನಡೆಯುತ್ತಿರುವ, ಬಾಜಿಗೆ ಅವಕಾಶವಿರುವ ಕೆಯಿರಿನ್ ಪಂದ್ಯದಲ್ಲಿ ಪುರುಷ ವೃತ್ತಿಪರರು ಪರಂಪರೆಯಿಂದ ಓಡಿಸುತ್ತ ಬಂದಿರುವುದು ಪ್ರಮಾಣೀಕೃತ ಉಕ್ಕಿನ ಚೌಕಟ್ಟು, ತೆಳು ರಿಮ್, 36 ಕಡ್ಡಿಗಳ ಸೈಕಲ್ಲನ್ನು. ಅದೇ ಹೆಸರಿನ ಒಲಿಂಪಿಕ್ ಪಂದ್ಯದಲ್ಲಿ ಉರುಳುವುದು ತಟ್ಟೆಯ ಚಕ್ರ. ಯಾವುದು ಓಟವೆಂದು ಎಣಿಕೆಗೆ ಬರಬೇಕು ಎಂಬುದನ್ನು ನಿಸರ್ಗ ತೀರ್ಮಾನಿಸಿಲ್ಲ, ಒಂದು ಸಮುದಾಯ ತಾನು ಗೌರವಿಸುವುದೇನೆಂದು ಮೊದಲು ನಿರ್ಧರಿಸಿ ಆಮೇಲೆ ಗಡಿಯಾರ ಹಿಡಿದಿದೆ. ಕೆಯಿರಿನ್ನಿನ ಆ ತೆಳು ರಿಮ್ಮನ್ನೇ ಪಶ್ಚಿಮದ ನಗರಗಳಲ್ಲಿ ಅಂದಕ್ಕಾಗಿ ಹುಡುಕಿ ಕೊಂಡವರಿದ್ದಾರೆ ಎಂಬುದು ಈ ಕತೆಯ ತಮಾಷೆಯ ಭಾಗ.

ಆದ್ದರಿಂದ ತಪ್ಪು ಇರುವುದು ಅಂದವನ್ನು ಬಯಸುವುದರಲ್ಲಿ ಅಲ್ಲ. ಬಯಸಿದ್ದು ಅಂದವನ್ನು, ಹೇಳಿಕೊಳ್ಳುವುದು ವೇಗವನ್ನು ಎಂಬಲ್ಲಿ. ಉಪಯೋಗವೊಂದೇ ಮರ್ಯಾದಸ್ಥ ಕಾರಣವೆಂದು ನಂಬುವ ಕಾಲದಲ್ಲಿ ಚೆಂದವೆಂದು ಕೊಂಡೆ ಎನ್ನಲು ನಾಚಿಕೆ. ಉಳಿದ ಸೆಕೆಂಡುಗಳ ಲೆಕ್ಕ ಆ ನಾಚಿಕೆಗೆ ತೊಡಿಸಿದ ಬಟ್ಟೆ.

ಆದರೂ ಅಂದಕ್ಕೆ ಒಂದು ಎಲ್ಲೆ ಇದೆ, ಅದನ್ನು ತೋರಿಸಿಕೊಡುವುದು ಬಣ್ಣ. ರಿಮ್ಮಿನ ಮಗ್ಗುಲನ್ನು ಬ್ರೇಕಿನ ರಬ್ಬರ್ ಹಿಡಿಯುವ ಸೈಕಲ್ಲುಗಳಲ್ಲಿ ಆ ಜಾಗವನ್ನು ಬರಿಯ ಲೋಹವಾಗಿ ಬಿಡಬೇಕಾಗುತ್ತದೆ; ಬ್ರೇಕ್ ಇಲ್ಲದ ಸೈಕಲ್ಲಿಗೆ ಆ ಕಟ್ಟಿಲ್ಲದ್ದರಿಂದಲೇ ಇಡೀ ರಿಮ್ಮಿಗೆ ಅಂಚಿನಿಂದ ಅಂಚಿಗೆ ಗುಲಾಬಿಯನ್ನೋ ಹಸಿರನ್ನೋ ಬಳಿಯಲು ಸಾಧ್ಯವಾಯಿತು. ಅಂಥ ರಿಮ್ಮಿಗೆ ಮುಂದಿನ ಬ್ರೇಕ್ ಜೋಡಿಸಿದರೆ ಬಣ್ಣ ಉಂಗುರದಂತೆ ಸವೆಯುತ್ತದೆ, ಅದನ್ನು ತಾಳಲಾರದೆ ಬ್ರೇಕನ್ನೇ ಕಳಚುವವರುಂಟು. ವೇಗ ತಗ್ಗುವಾಗ ಭಾರ ಮುಂಚಕ್ರಕ್ಕೆ ವಾಲಿ ಹಿಂಚಕ್ರದ ಹಿಡಿತ ಸಡಿಲಾಗುವುದರಿಂದ, ಕಾಲಿನ ಬಲದಿಂದ ಹಿಂಚಕ್ರವನ್ನಷ್ಟೇ ತಡೆದು ನಿಲ್ಲುವವನಿಗೆ ಬಹಳ ಹೆಚ್ಚು ದೂರ ಬೇಕು. ಬ್ರಿಟನ್ನಿನ ಕಾನೂನು ಫಿಕ್ಸೆಡ್ ಗೇರ್ ಸೈಕಲ್ಲಿಗೂ ಮುಂಚಕ್ರದ ಬ್ರೇಕನ್ನು ಕಡ್ಡಾಯ ಮಾಡಿರುವುದರ ಹಿಂದಿನ ವಿವೇಕ ಇದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ‘ಔಚಿತ್ಯವಿಚಾರಚರ್ಚಾ’ದಲ್ಲಿ, ಕೊರಳಿಗೆ ಡಾಬನ್ನೂ ಸೊಂಟಕ್ಕೆ ಹಾರವನ್ನೂ ತೊಟ್ಟವರು ನಗೆಪಾಟಲಾಗುವರೆಂದು ಹೇಳುವಾಗ ಆಭರಣವನ್ನು ಬೇಡವೆನ್ನುವುದಿಲ್ಲ, ಸ್ಥಾನವನ್ನು ಕೇಳುತ್ತಾನೆ. ಅವನ ಉದಾಹರಣೆಯಲ್ಲಿ ತೊಟ್ಟವರು ನಗೆಗೀಡಾಗುತ್ತಾರಷ್ಟೆ. ಇಲ್ಲಿ ಪೆಟ್ಟು ಬೀಳುವುದು ರಸ್ತೆ ದಾಟುತ್ತಿರುವ ಬೇರೆಯವರಿಗೆ. ಕೆಲವು ತಯಾರಕರು ಅದೇ ಬಣ್ಣದ ಆಳದ ರಿಮ್ಮನ್ನು ಬ್ರೇಕ್ ಹಿಡಿಯುವಷ್ಟು ಜಾಗದಲ್ಲಿ ಲೋಹವನ್ನು ನಯವಾಗಿ ಕೊರೆದು ಬಿಟ್ಟ ರೂಪದಲ್ಲೂ ಮಾರಿದ್ದಾರೆ. ಬಣ್ಣದ ಮೈಯ ಎರಡೂ ಬದಿ ಬೆರಳಗಲ ಬೆಳ್ಳಗೆ ಕಾಣುವ ಆ ಪಟ್ಟಿಯನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ.